ಕಣ್ಣಿಗೆ ಕಟ್ಟಿಕೊಳ್ಳುವ ಕ್ರೀಡಾಂಗಣ

ಆಟವನ್ನು ನೋಡುವುದೆಂದರೆ ಏನು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಆಟ ನಡೆಯುತ್ತಿದೆ, ನಮಗೆ ಕಣ್ಣಿದೆ, ನೋಡುತ್ತೇವೆ. ಇದರಲ್ಲಿ ವಿಚಾರ ಮಾಡತಕ್ಕದ್ದೇನು ಎಂದು ತೋರುವುದು ಸಹಜ. ಆದರೆ ಕಿದ್ವಾಯಿ ನಗರದ ಕನ್ನಡ ವಿದ್ಯಾರ್ಥಿಗಳಾದ ನಮ್ಮ ಸ್ಥಿತಿಯನ್ನೇ ನೋಡಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವು ಇಲ್ಲಿಂದ ರೈಲುದಾರಿಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಆಚೆ ಇದೆ. ತ್ಯಾಗರಾಜ ಕ್ರೀಡಾಂಗಣವಾದರೋ ನಡೆದು ಹೋಗುವಷ್ಟು ಸಮೀಪ. ಆದರೂ ಎರಡು ಕಡೆಯ ಆಟಗಳನ್ನೂ ನಮ್ಮಲ್ಲಿ ಹೆಚ್ಚಿನವರು ಕಾಣುವುದು ಮನೆಯ ಗೋಡೆಯ ಮೇಲಿನ ಒಂದೇ ಪರದೆಯಲ್ಲಿ. ಪರದೆಗೆ ದೂರವೂ ಇಲ್ಲ, ಹತ್ತಿರವೂ ಇಲ್ಲ.

ನಮ್ಮ ಬಡಾವಣೆಗೆ ಯಾರ ಹೆಸರಿದೆಯೋ ಆ ರಫಿ ಅಹಮದ್ ಕಿದ್ವಾಯಿಯವರು ಸ್ವತಂತ್ರ ಭಾರತದ ಮೊದಲ ಸಂಪರ್ಕ ಸಚಿವರು. ಅವರು 1954ರಲ್ಲಿ ತೀರಿಕೊಂಡರು. ಐದು ವರ್ಷಗಳ ತರುವಾಯ, 1959ರ ಸೆಪ್ಟೆಂಬರ್ 15ರಂದು, ಭಾರತದ ಮೊಟ್ಟಮೊದಲ ದೂರದರ್ಶನ ಪ್ರಸಾರವು ಇದೇ ದೆಹಲಿಯಲ್ಲಿ ಆರಂಭವಾಯಿತು. ಬಣ್ಣದ ಚಿತ್ರ ಬಂದದ್ದು 1982ರಲ್ಲಿ. ಆ ವರ್ಷ ನವೆಂಬರಿನಲ್ಲಿ ಜವಾಹರಲಾಲ್ ನೆಹರು ಕ್ರೀಡಾಂಗಣದಲ್ಲಿ ಉದ್ಘಾಟನೆಗೊಂಡ ಏಷ್ಯನ್ ಕ್ರೀಡಾಕೂಟವನ್ನು ದೇಶವು ಬಣ್ಣದಲ್ಲಿ ಕಂಡಿತು. ಹಾಗೆಂದು ಅಂದಿನಿಂದ ಎಲ್ಲವೂ ಕಣ್ಣಿಗೆ ಸಿಕ್ಕಿತೆಂದು ತಿಳಿಯಬಾರದು. 1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸಿನಲ್ಲಿ ಜಿಂಬಾಬ್ವೆಯ ವಿರುದ್ಧ ಕಪಿಲ್ ದೇವ್ ಔಟಾಗದೆ 175 ಓಟಗಳನ್ನು ಹೊಡೆದರು. ಆ ಆಟದ ದೂರದರ್ಶನ ಚಿತ್ರವೇ ಇಲ್ಲ. ಆ ದಿನ ಮೈದಾನದಲ್ಲಿ ಕುಳಿತಿದ್ದವರು ಮಾತ್ರ ಕಂಡರು. ಉಳಿದವರೆಲ್ಲ ಓದಿ ತಿಳಿದವರು, ಕೇಳಿ ತಿಳಿದವರು.

ದೂರದರ್ಶನದಲ್ಲಿ ಇನ್ನೊಂದು ಕೊರತೆಯಿದೆ. ಅಭ್ಯಾಸಬಲದಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಎತ್ತ ನೋಡಬೇಕೆಂಬುದನ್ನು ನಮಗಾಗಿ ಬೇರೊಬ್ಬರು ನಿಶ್ಚಯಿಸುತ್ತಾರೆ. 1999ರ ಫೆಬ್ರವರಿ 7ರಂದು ಈ ನಗರದ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ನಮ್ಮವರೇ ಆದ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತು ವಿಕೆಟುಗಳನ್ನೂ 74 ಓಟಗಳಿಗೆ ಉರುಳಿಸಿದರು. ಟೆಸ್ಟ್ ಆಟದಲ್ಲಿ ಅದಕ್ಕೆ ಮೊದಲು ಈ ಸಾಧನೆ ಮಾಡಿದ್ದವರು ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ, 1956ರಲ್ಲಿ. ಕುಂಬ್ಳೆಗೆ ಒಂಬತ್ತು ವಿಕೆಟುಗಳಾದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದವರೂ ಕನ್ನಡಿಗರೇ, ಜಾವಗಲ್ ಶ್ರೀನಾಥ್. ಹತ್ತನೆಯದು ತಮ್ಮ ಪಾಲಿಗೆ ಬಾರದಿರಲೆಂದು ಅವರು ಚೆಂಡನ್ನು ಬೇಕೆಂದೇ ವಿಕೆಟಿನಿಂದ ದೂರಕ್ಕೆ ಹಾಕಿದರು. ಕ್ಯಾಮೆರಾ ಚೆಂಡನ್ನು ಹಿಂಬಾಲಿಸಿತು. ಅದರ ಕೆಲಸವೇ ಅದು. ಆದರೆ ಆ ಓವರು ನಡೆಯುತ್ತಿದ್ದಾಗ ಕುಂಬ್ಳೆ ಎಲ್ಲಿ ನಿಂತಿದ್ದರು, ಕೈಗಳನ್ನು ಏನು ಮಾಡುತ್ತಿದ್ದರು? ಮೈದಾನದಲ್ಲಿ ಕುಳಿತವನು ಕತ್ತನ್ನು ತುಸು ಹೊರಳಿಸಿ ಇದನ್ನು ಕಾಣಬಹುದಾಗಿತ್ತು. ಮನೆಯಲ್ಲಿ ಕುಳಿತವನು ಎಷ್ಟು ಕತ್ತು ಹೊರಳಿಸಿದರೂ ಕಾಣುವುದು ಕಪಾಟು ಮತ್ತು ಕಿಟಕಿ.

ಕತ್ತು ಹೊರಳಿಸುವ ಈ ಸ್ವಾತಂತ್ರ್ಯವನ್ನು ದೂರದಲ್ಲಿರುವವನಿಗೂ ಒದಗಿಸಬೇಕೆಂಬುದೇ ವರ್ಚುವಲ್ ರಿಯಾಲಿಟಿ ಎಂಬ ಉಪಾಯದ ಹುರುಳು. ಕನ್ನಡದಲ್ಲಿ ಇದನ್ನು ಮಿಥ್ಯಾವಾಸ್ತವ ಎಂದು ಕೆಲವರು ಕರೆಯುತ್ತಾರೆ. ನಡೆಯುತ್ತಿರುವ ಪಂದ್ಯದ ಮಟ್ಟಿಗೆ ಈ ಹೆಸರು ಅಷ್ಟಾಗಿ ಒಪ್ಪುವುದಿಲ್ಲ. ಆಟ ಮಿಥ್ಯೆಯಲ್ಲ, ಆಟಗಾರರು ಮಿಥ್ಯೆಯಲ್ಲ. ನಾವು ಅಲ್ಲಿದ್ದೇವೆಂಬುದಷ್ಟೇ ಮಿಥ್ಯೆ.

ಇದರ ಮೂಲತತ್ತ್ವ ಹೊಸದಲ್ಲ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣನ್ನೂ ಒಮ್ಮೆ ಬಲಗಣ್ಣನ್ನೂ ಮುಚ್ಚಿ ನೋಡಿರಿ. ಬೆರಳು ಅತ್ತಿತ್ತ ಜಿಗಿದಂತೆ ಕಾಣುತ್ತದೆ. ನಮ್ಮ ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರು ಅಂತರವಿರುವುದರಿಂದ ಒಂದೊಂದು ಕಣ್ಣಿಗೂ ಬೇರೆ ಬೇರೆ ಚಿತ್ರ ಬೀಳುತ್ತದೆ. ಆ ಎರಡು ಚಿತ್ರಗಳ ವ್ಯತ್ಯಾಸದಿಂದಲೇ ಮಿದುಳು ದೂರ ಸಮೀಪಗಳನ್ನು ಎಣಿಸುತ್ತದೆ. ಇದನ್ನು 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಎಂಬ ಆಂಗ್ಲ ವಿಜ್ಞಾನಿ ಪ್ರಯೋಗದಿಂದ ತೋರಿಸಿಕೊಟ್ಟನು. ಎರಡು ಕಣ್ಣಿಗೂ ಎರಡು ಚಿತ್ರಗಳನ್ನು ಒಡ್ಡಿ, ತಲೆ ತಿರುಗಿದಂತೆಲ್ಲ ಚಿತ್ರವೂ ತಿರುಗುವಂತೆ ಮಾಡಿದರೆ ಹೇಗೆ? ಅಮೆರಿಕದ ಐವನ್ ಸದರ್ಲೆಂಡ್ 1968ರಲ್ಲಿ ಅಂತಹ ಯಂತ್ರವನ್ನು ಕಟ್ಟಿದನು. ಅದು ಎಷ್ಟು ಭಾರವಾಗಿತ್ತೆಂದರೆ ಅದನ್ನು ಚಾವಣಿಯಿಂದ ತೂಗುಹಾಕಬೇಕಾಗಿತ್ತು.

ತಲೆ ತಿರುಗಿದೊಡನೆ ಚಿತ್ರವು ತಿರುಗಬೇಕೆಂದೆವಷ್ಟೆ. ಈ 'ಒಡನೆ' ಎಂಬುದರಲ್ಲಿಯೇ ಕಷ್ಟವೆಲ್ಲ ಅಡಗಿದೆ. ಸೆಕೆಂಡಿನ ಐವತ್ತರಲ್ಲೊಂದು ಭಾಗಕ್ಕಿಂತ ಹೆಚ್ಚು ತಡವಾದರೆ ಕಣ್ಣು ಒಂದನ್ನು ಹೇಳುತ್ತದೆ, ಒಳಗಿವಿಯಲ್ಲಿರುವ ಸಮತೋಲನದ ಅಂಗ ಇನ್ನೊಂದನ್ನು ಹೇಳುತ್ತದೆ. ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಬರುವಂತಹ ವಾಕರಿಕೆ ಬರುತ್ತದೆ. ಪ್ರೇಕ್ಷಕನು ಕುಳಿತಿರುವಾಗ ಕ್ಯಾಮೆರಾ ಓಡಿದರೂ ಇದೇ ಪಾಡು. ಆದುದರಿಂದ ಇಂತಹ ಪ್ರಸಾರದ ಕ್ಯಾಮೆರಾಗಳನ್ನು ಬಹುಮಟ್ಟಿಗೆ ಒಂದೆಡೆ ಊರಿ ನಿಲ್ಲಿಸುತ್ತಾರೆ.

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದನ್ನು 2015ರ ಅಕ್ಟೋಬರಿನಲ್ಲಿ ಈ ಬಗೆಯಲ್ಲಿ ನೇರವಾಗಿ ಪ್ರಸಾರ ಮಾಡಿದರು. ಮರುವರ್ಷ ರಿಯೋ ಒಲಿಂಪಿಕ್ಸಿನಲ್ಲಿಯೂ ಇದು ನಡೆಯಿತು. ನಮ್ಮ ದೇಶದಲ್ಲಿ 2023ರ ಐಪಿಎಲ್ ಸಮಯದಲ್ಲಿ ಜಿಯೋ ಸಂಸ್ಥೆಯು ಸುತ್ತಲೂ ನೋಡಬಹುದಾದ ಪ್ರಸಾರವನ್ನೂ, ಮೊಬೈಲನ್ನು ಒಳಗೆ ಸೇರಿಸಿ ಕಣ್ಣಿಗೆ ಕಟ್ಟಿಕೊಳ್ಳುವ ಜಿಯೋಡೈವ್ ಎಂಬ ಪೆಟ್ಟಿಗೆಯನ್ನೂ ಹೊರತಂದಿತು. ಆಗ ಅದರ ಬೆಲೆ 1,299 ರೂಪಾಯಿ ಇತ್ತು. ಅದರೊಳಕ್ಕೆ ಬೇಕಾದ ಮೊಬೈಲಿನ ಬೆಲೆ ಬೇರೆ ಎಂಬುದನ್ನು ಮನೆಯ ಹಿರಿಯರು ತಪ್ಪದೆ ನೆನಪಿಸುತ್ತಾರೆ.

ಹಾಗಾದರೆ ಕ್ರಿಕೆಟ್ ಪ್ರೇಮಿಗಳೆಲ್ಲ ಪರದೆಯನ್ನು ತೊರೆದು ಈ ಪೆಟ್ಟಿಗೆಗೆ ಏಕೆ ಬರಲಿಲ್ಲ? ಲೆಕ್ಕ ಮಾಡಿ ನೋಡೋಣ. ಏಳನೆಯ ತರಗತಿಯ ಗಣಿತವೇ ಸಾಕು. ಕ್ಯಾಮೆರಾವನ್ನು ಬೌಂಡರಿಯ ಗೆರೆಯಲ್ಲಿ ಇಟ್ಟಿದ್ದಾರೆ, ಆಟ 70 ಮೀಟರು ದೂರದಲ್ಲಿ ನಡೆಯುತ್ತಿದೆ ಎಂದುಕೊಳ್ಳಿ. 70 ಮೀಟರು ತ್ರಿಜ್ಯದ ವೃತ್ತದ ಸುತ್ತಳತೆ 440 ಮೀಟರು. ಸುತ್ತಲಿನ ಇಡೀ ನೋಟವನ್ನು ಹೊರುವ ಚಿತ್ರದ ಅಗಲದಲ್ಲಿ 3,840 ಚುಕ್ಕೆಗಳಿದ್ದರೆ, ಮನೆಯ ಪರದೆಗೆ ಅದು ಧಾರಾಳ. ಇಲ್ಲಿಯಾದರೋ ಆ ಚುಕ್ಕೆಗಳನ್ನು 440 ಮೀಟರಿಗೆ ಹಂಚಬೇಕು. ಒಂದೊಂದು ಚುಕ್ಕೆಯ ಪಾಲಿಗೆ ಹನ್ನೊಂದೂವರೆ ಸೆಂಟಿಮೀಟರು ಬರುತ್ತದೆ. ಕ್ರಿಕೆಟ್ ಚೆಂಡಿನ ವ್ಯಾಸ ಸುಮಾರು 7.2 ಸೆಂಟಿಮೀಟರು. ಎಂದರೆ ಚೆಂಡು ಒಂದು ಚುಕ್ಕೆಯನ್ನೂ ತುಂಬುವುದಿಲ್ಲ! ಒಳ್ಳೆಯ ದೃಷ್ಟಿಯುಳ್ಳ ಕಣ್ಣು ಅದೇ ಸುತ್ತಳತೆಯಲ್ಲಿ ಸುಮಾರು 21,600 ಚುಕ್ಕೆಗಳನ್ನು ಬೇರ್ಪಡಿಸಿ ನೋಡಬಲ್ಲುದು. ಅರ್ಧವೃತ್ತವನ್ನಷ್ಟೇ ತೋರಿಸಿ, ಚುಕ್ಕೆಗಳನ್ನು ಇಮ್ಮಡಿ ಮಾಡಿದರೆ ಚೆಂಡಿಗೆ ಎರಡೂವರೆ ಚುಕ್ಕೆ ದಕ್ಕೀತು. ಆಳದ ಅನುಭವವಂತೂ ಅಷ್ಟು ದೂರದಲ್ಲಿ ದೊರೆಯುವುದು ಕಷ್ಟ. ಎರಡು ಕಣ್ಣುಗಳ ಅಂತರವೇ ಒಂದು ಚುಕ್ಕೆಗಿಂತ ಚಿಕ್ಕದು.

ಇದೇ ಲೆಕ್ಕವನ್ನು ಕಬಡ್ಡಿಗೆ ಹಾಕಿರಿ. ಪುರುಷರ ಕಬಡ್ಡಿಯ ಅಂಕಣ 13 ಮೀಟರು ಉದ್ದ, 10 ಮೀಟರು ಅಗಲ. ಅಂಚಿನಲ್ಲಿ ಕುಳಿತವನಿಂದ ಆಟದ ಹೆಚ್ಚಿನ ಭಾಗ ಏಳು ಮೀಟರಿನ ಆಸುಪಾಸಿನಲ್ಲಿಯೇ ನಡೆಯುತ್ತದೆ. ಸುತ್ತಳತೆ 44 ಮೀಟರು. ಒಂದು ಚುಕ್ಕೆಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ದಾಳಿಗಾರನ ಅಂಗೈ ಏಳೆಂಟು ಚುಕ್ಕೆಗಳನ್ನು ತುಂಬುತ್ತದೆ. ಕಣ್ಣುಗಳ ಅಂತರವೂ ಐದು ಚುಕ್ಕೆಗಳನ್ನು ಮೀರುವುದರಿಂದ ಕೈ ಮುಂದಿದೆಯೋ, ಹಿಡಿಯಬಂದವನ ಭುಜ ಮುಂದಿದೆಯೋ ಎಂಬುದು ತಿಳಿಯುತ್ತದೆ. ಬೆರಳು ತಾಗಿತೇ ಇಲ್ಲವೇ ಎಂಬುದರ ಮೇಲೆ ನಿಂತ ಆಟಕ್ಕೆ ಇದು ಸಣ್ಣ ಸಂಗತಿಯಲ್ಲ. ಕೋಟಿಗಟ್ಟಲೆ ಹಣ ಹರಿಯುವ ಕ್ರಿಕೆಟ್ಟಿಗಿಂತ ಮಣ್ಣಿನ ಆಟವಾದ ಕಬಡ್ಡಿಗೇ ಈ ಹೊಸ ಯಂತ್ರ ಹೆಚ್ಚು ಒಗ್ಗುತ್ತದೆಂಬುದು ನಮಗೆ ಸಂತೋಷದ ವಿಷಯ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಕಟ್ಟಿದ ತ್ಯಾಗರಾಜ ಕ್ರೀಡಾಂಗಣದಲ್ಲಿ ಪ್ರೊ ಕಬಡ್ಡಿಯ ಪಂದ್ಯಗಳು ನಡೆದಿವೆ. ಅಲ್ಲಿ ಕ್ಯಾಮೆರಾ ಇಡಲು ಯಾವುದು ತಕ್ಕ ಸ್ಥಳ? ಔಟಾದವರು ಕುಳಿತುಕೊಳ್ಳುವ ಜಾಗವೇ ಸರಿಯೆಂದು ನಮ್ಮ ಎಣಿಕೆ. ತಮ್ಮವರಿಗೆ ಅಂಕ ದೊರೆತರೆ ಮರಳಿ ಆಟಕ್ಕೆ ಇಳಿಯಬೇಕಾದವರು ಅವರು. ಅಂಕಣವನ್ನು ಅವರಷ್ಟು ಕಣ್ಣಿಟ್ಟು ನೋಡುವವರು ಬೇರಾರೂ ಇರಲಾರರು.

ಕ್ರಿಕೆಟ್ಟಿಗೆ ಬೇರೆ ದಾರಿಯಿಲ್ಲದಿಲ್ಲ. ಹಲವು ಕ್ಯಾಮೆರಾಗಳಿಂದ ಚೆಂಡಿನ ಹಾದಿಯನ್ನು ಅಳೆಯುವ ಹಾಕ್-ಐ ಎಂಬ ಸಾಧನವು 2001ರಿಂದಲೂ ಬಳಕೆಯಲ್ಲಿದೆ. ಆ ಅಳತೆಗಳಿಂದ ಚೆಂಡನ್ನು ಪೆಟ್ಟಿಗೆಯೊಳಗೆ ಮರಳಿ ರಚಿಸಿದರೆ ನೋಡುವವನು ಬ್ಯಾಟುಗಾರನ ಸ್ಥಾನದಲ್ಲಿಯೇ ನಿಲ್ಲಬಹುದು. ಆದರೆ ಆಗ ಅವನು ಕಾಣುವುದು ಚೆಂಡನ್ನಲ್ಲ, ಚೆಂಡಿನ ಲೆಕ್ಕವನ್ನು.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಪಾಠ ಅಪೂರ್ಣವಾಗುತ್ತದೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡವು ಮೊದಲ ಸಲ ಐಪಿಎಲ್ ಗೆದ್ದಿತು. ಮರುದಿನ ಬೆಂಗಳೂರಿನಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೆರೆದ ಜನರ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಆ ದಿನ ಅಲ್ಲಿ ನೋಡಲು ಆಟವಿರಲಿಲ್ಲ. ಆಟ ಹಿಂದಿನ ರಾತ್ರಿಯೇ ಮುಗಿದಿತ್ತು. ಜನ ಬಂದದ್ದು ತಮ್ಮ ತಂಡವನ್ನು ಕಂಡು, ಇತರರೊಡನೆ ಕೂಡಿ ಸಂತೋಷಪಡುವುದಕ್ಕೆ. ಅಂತಹ ಹಂಬಲವನ್ನು ಯಾವ ಪೆಟ್ಟಿಗೆ ತಣಿಸೀತು? ಮೈದಾನಕ್ಕೆ ಹೋಗಲಾಗದ ವೃದ್ಧರಿಗೂ, ಗಾಲಿಕುರ್ಚಿಯಲ್ಲಿರುವವರಿಗೂ, ನಮ್ಮಂತೆ ಪರಸ್ಥಳದಲ್ಲಿರುವವರಿಗೂ ಅದು ದೊಡ್ಡ ಉಪಕಾರವೇ ಸರಿ. ಆದರೆ ಕಟ್ಟಿಕೊಂಡವನಿಗೆ ಪಕ್ಕದಲ್ಲಿ ಕುಳಿತ ತಂಗಿ ಕಾಣುವುದಿಲ್ಲ. ತಂಗಿಗೆ ಆಟ ಕಾಣುವುದಿಲ್ಲ.

ಕಿದ್ವಾಯಿ ನಗರದ ಬಹುಮಹಡಿ ಮನೆಯೊಂದರಲ್ಲಿ ಇಂತಹ ಪೆಟ್ಟಿಗೆ ಒಂದೇ ಇದ್ದು, ಮಕ್ಕಳು ಐವರಿದ್ದರೆ ಏನು ಮಾಡಬೇಕು? ನಮ್ಮ ಸಲಹೆ ಇಷ್ಟು: ಕಟ್ಟಿಕೊಂಡವನು ತಾನು ಕಂಡುದನ್ನು ಗಟ್ಟಿಯಾಗಿ ಕನ್ನಡದಲ್ಲಿ ಉಳಿದವರಿಗೆ ಹೇಳುತ್ತಿರಲಿ. ರೇಡಿಯೋ ಕಾಲದ ವೀಕ್ಷಕ ವಿವರಣೆಗಾರರು ಮಾಡುತ್ತಿದ್ದುದು ಇದನ್ನೇ. ಪರದೆಯ ವಿವರಣೆಗಾರನು ಎಲ್ಲರೂ ಕಾಣುತ್ತಿರುವುದನ್ನು ಮತ್ತೆ ಹೇಳುತ್ತಾನೆ. ಇವನಾದರೋ ತಾನೊಬ್ಬನೇ ಆರಿಸಿ ಕಂಡುದನ್ನು ಹೇಳಬೇಕು. ದಾಳಿಗಾರನ ಬಲಗಾಲು ಬೋನಸ್ ಗೆರೆಯನ್ನು ದಾಟುವ ಹೊತ್ತಿಗೆ ಎಡಗಾಲು ಎಲ್ಲಿತ್ತು, ಮೂಲೆಯ ರಕ್ಷಕನು ಯಾರಿಗೆ ಸನ್ನೆ ಮಾಡಿದನು, ಇವನ್ನೆಲ್ಲ ಹೇಳಲು ಮೂವತ್ತು ಸೆಕೆಂಡುಗಳಷ್ಟೇ ಕಾಲಾವಕಾಶ. ಒಂದು ದಾಳಿಗೆ ನಿಯಮವು ಕೊಡುವುದೂ ಅಷ್ಟೇ. ದಾಳಿ ಮುಗಿದೊಡನೆ ಪೆಟ್ಟಿಗೆ ಮುಂದಿನವರ ಕೈಗೆ.