ಹಾಡು ನಿನ್ನದು, ಕಥೆ ಮನೆಯವರೆಲ್ಲರದು

ಪ್ರಶ್ನೆ: ಅಕ್ಕಾ, ನಮ್ಮದು ಮಾನ್ವಿ ತಾಲ್ಲೂಕಿನ ಕುರ್ಡಿ ಕಡೆ. ಡಿ.ಇಡಿ ಮುಗಿಸಿ ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಪಿಯುಸಿ ಓದುವಾಗಿನಿಂದಲೂ ಪದ ಕಟ್ಟುವ ಹುಚ್ಚು. ಸಂಗೀತ ಕಲಿತವಳಲ್ಲ. ಹತ್ತಿ ಬಿಡಿಸುವಾಗ ಅವ್ವ ಹಾಡುತ್ತಿದ್ದ ಧಾಟಿಗಳೇ ನನ್ನ ಬಂಡವಾಳ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಕಾಕಾನ ಹಳೇ ಹಾರ್ಮೋನಿಯಂ ಇಟ್ಟುಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ. ವಾಟ್ಸಾಪ್ ಗುಂಪುಗಳಿಗೆ, ಯೂಟ್ಯೂಬಿಗೆ ಹಾಕುತ್ತೇನೆ. ಪ್ರತಿ ಹಾಡಿನ ಕೆಳಗೆ ಅದು ಹೇಗೆ ಹುಟ್ಟಿತು ಎಂದು ನಾಲ್ಕು ಮಾತು ಬರೆಯುವುದು ನನ್ನ ರೂಢಿ.

ಇತ್ತೀಚೆಗೆ ಗುಳೆ ಹೋಗುವವರ ಮೇಲೆ ಒಂದು ಹಾಡು ಹಾಕಿದೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದದ್ದು, ತಲೆ ಮೇಲಿದ್ದ ಸಾಲ, ಅಪ್ಪನ ಕುಡಿತ, ನಾನು ಓದಲೆಂದು ಅಣ್ಣ ಶಾಲೆ ಬಿಟ್ಟದ್ದು, ಎಲ್ಲವನ್ನೂ ಕೆಳಗೆ ಬರೆದೆ. ಅದು ಊರೆಲ್ಲ ಸುತ್ತಿತು. ಅಣ್ಣನಿಗೆ ಹೆಣ್ಣು ನೋಡುತ್ತಿರುವ ಹೊತ್ತು ಇದು. "ಮನ್ಯಾಗಿನ ಮಾತು ಊರ ಮಂದಿ ಬಾಯಿಗೆ ಯಾಕ ಹಾಕಿದಿ?" ಎಂದವನು ಇವತ್ತಿನ ತನಕ ನನ್ನ ಜೊತೆ ಮಾತಾಡಿಲ್ಲ. ಅವ್ವ ಏನೂ ಅನ್ನುವುದಿಲ್ಲ.

ಈ ನಡುವೆ ಪಕ್ಕದ ಊರಿನ ಜಾತ್ರೆಯಲ್ಲಿ ಭಜನಾ ಮೇಳದವರು ಅದೇ ಹಾಡನ್ನು ಹಾಡಿದರಂತೆ. ನನ್ನ ಹೆಸರನ್ನೇ ಎತ್ತಲಿಲ್ಲ. ಖುಷಿಯೂ ಆಯಿತು, ಸಂಕಟವೂ ಆಯಿತು. ಸಂಗೀತ ಬಾರದವಳಿಗೆ ಇದೆಲ್ಲ ಯಾಕೆ ಎಂದು ಗೆಳತಿ ಕೇಳುತ್ತಾಳೆ. ಹಾಡಿನ ಹಿಂದಿನ ಕಥೆ ಹೇಳುವುದನ್ನು ಬಿಡಲೇ? ಹಾಡುವುದನ್ನೇ ಬಿಡಲೇ?
– ಹೆಸರು ಬೇಡ, ಮಾನ್ವಿ ತಾಲ್ಲೂಕು

ಉತ್ತರ: ತಂಗಿ, ಹಾಡುವುದನ್ನು ಬಿಡಬೇಡ. ಅಣ್ಣನ ನೋವನ್ನು ಹಗುರವಾಗಿಯೂ ತೆಗೆದುಕೊಳ್ಳಬೇಡ.

ನಿನ್ನ ಪತ್ರವನ್ನು ನೀನೇ ಇನ್ನೊಮ್ಮೆ ಓದು. ಅಣ್ಣ "ಯಾಕ ಹಾಡಿದಿ" ಎಂದು ಕೇಳಿಲ್ಲ, "ಮನ್ಯಾಗಿನ ಮಾತು ಯಾಕ ಹಾಕಿದಿ" ಎಂದು ಕೇಳಿದ್ದಾನೆ. ಅವನ ಸಿಟ್ಟು ಹಾಡಿನ ಮೇಲಲ್ಲ, ಹಾಡಿನ ಕೆಳಗಿನ ಬರಹದ ಮೇಲೆ. ಮಾನ್ವಿ, ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೂ ಪುಣೆ, ಮುಂಬೈಗಳಿಗೂ ಗಂಟು ಕಟ್ಟಿಕೊಂಡು ಹೋಗುವ ಮನೆಗಳಿಗೆ ಲೆಕ್ಕವಿಲ್ಲ. ಹಾಡು ಹಾಡಾಗಿಯೇ ಇದ್ದಷ್ಟು ಹೊತ್ತು ಅದು ಅವರೆಲ್ಲರದೂ ಆಗಿತ್ತು. ಕೆಳಗೆ ಬರೆದ ನಾಲ್ಕು ಮಾತು ಅದನ್ನು ಒಂದೇ ಮನೆಗೆ ತಂದು ಕಟ್ಟಿಹಾಕಿತು. ಕೇಳುವವರು ಗುಳೆಯ ಸಂಕಟವನ್ನು ಬಿಟ್ಟು ನಿಮ್ಮ ಅಪ್ಪನ ಕುಡಿತದ ಬಗ್ಗೆ ಮಾತಾಡತೊಡಗಿದರು.

ಅಣ್ಣ ಶಾಲೆ ಬಿಟ್ಟದ್ದು ನಿನಗಾಗಿ. ಇಷ್ಟು ವರ್ಷ ಅದನ್ನು ಯಾರ ಮುಂದೆಯೂ ಆಡಿ ತೋರಿಸಲಿಲ್ಲ. ಆ ಮೌನವೂ ಅವನು ಕೊಟ್ಟದ್ದರ ಒಂದು ಭಾಗ. ನೀನು ಪ್ರೀತಿಯಿಂದಲೇ ಬರೆದೆ, ಆದರೆ ಅವನನ್ನು ಕೇಳದೆ ಆ ಮೌನವನ್ನು ಮುರಿದೆ. ಅದೂ ಹೆಣ್ಣಿನ ಕಡೆಯವರು ನಿಮ್ಮ ಮನೆತನದ ಬಗ್ಗೆ ನಾಲ್ಕು ಕಡೆ ವಿಚಾರಿಸುತ್ತಿರುವ ಹೊತ್ತಿನಲ್ಲಿ. ಅವನ ಸಿಟ್ಟಿಗೆ ಕಾರಣವಿದೆ.

ಹಾಗಾಗಿ ಮೊದಲು ಆ ಬರಹ ತೆಗೆ. ಹಾಡು ಇರಲಿ. ವಾಟ್ಸಾಪಿನಲ್ಲಿ ಆಗಲೇ ಕೈಯಿಂದ ಕೈಗೆ ಹೋದದ್ದು ಹಿಂದಕ್ಕೆ ಬರುವುದಿಲ್ಲ. ಅದಕ್ಕೆ ಸಮಜಾಯಿಷಿ ಬರೆದು ಹಾಕಲು ಹೋಗಬೇಡ, ಮರೆತವರಿಗೂ ಅದು ಮತ್ತೆ ನೆನಪಾಗುತ್ತದೆ. ಆಮೇಲೆ ಅಣ್ಣನ ಹತ್ತಿರ ನೀನೇ ಹೋಗು. ಅವ್ವನ ಕೈಲಿ, ಕಾಕಾನ ಕೈಲಿ ಹೇಳಿ ಕಳಿಸಬೇಡ. "ಅಣ್ಣಾ, ನಿನ್ನ ಕೇಳದ ಬರದೆ, ತಪ್ಪಾತು. ಬರದಿದ್ದು ತಗದೀನಿ. ಹಾಡಿನಾಗ ನಿನಗ ಬ್ಯಾಡ ಅನಿಸಿದ ಮಾತಿದ್ರ ಹೇಳು" ಅನ್ನು. ಇಷ್ಟು ಸಾಕು. ನಿನ್ನ ಉದ್ದೇಶ ಎಷ್ಟು ಒಳ್ಳೆಯದಿತ್ತು ಎಂದು ಆಗ ವಿವರಿಸಲು ಹೋಗಬೇಡ. ಅವನು ಮಾತಾಡಲಿ, ಮಾತಾಡದಿದ್ದರೂ ಇರಲಿ. ಅವನ ಗುರುತು ಹತ್ತುವ ಸಾಲಿದ್ದರೆ ಬದಲಿಸು. ಸದ್ಯಕ್ಕೆ ಹಾಡನ್ನೇ ತೆಗಿ ಎಂದರೆ ಮದುವೆ ಮಾತು ಮುಗಿಯುವ ತನಕ ತೆಗೆದಿಡು. ಒಂದು ವರ್ಷ ತಡವಾಗಿ ಕೇಳಿಸಿದರೆ ಒಳ್ಳೆಯ ಹಾಡು ಹಾಳಾಗುವುದಿಲ್ಲ.

ಇನ್ನು ನಿನ್ನ ಮುಖ್ಯ ಪ್ರಶ್ನೆ: ಹಾಡು ಹುಟ್ಟಿದ ಬಗೆಯನ್ನು ಹೇಳಬೇಕೋ ಬೇಡವೋ? ಹೇಳು. ಆದರೆ ಹೇಳುವ ರೀತಿ ಬದಲಾಗಬೇಕು.

ಕಥೆ ಗೊತ್ತಾದರೆ ಹಾಡು ಬೇರೆಯಾಗಿ ಕೇಳಿಸುತ್ತದೆ ಎಂಬುದು ನಿಜ. ಬೇಂದ್ರೆಯವರು ತಮ್ಮ ಮಗುವನ್ನು ಕಳೆದುಕೊಂಡಾಗ ಹೆಂಡತಿಯ ನೋಟವನ್ನು ಎದುರಿಸಲಾಗದೆ ಬರೆದ ಪದ್ಯವನ್ನು ಹಿನ್ನೆಲೆ ಗೊತ್ತಿಲ್ಲದವರು ಪ್ರೇಮಗೀತೆ ಎಂದುಕೊಂಡೇ ಕೇಳಿದ್ದುಂಟು. ಗೊತ್ತಾದ ಮೇಲೆ ಅದನ್ನು ಮೊದಲಿನಂತೆ ಕೇಳಲು ಆಗುವುದಿಲ್ಲ. ಕಥೆಗೆ ಅಷ್ಟು ಬಲವಿದೆ. ಆದರೆ ಅದು ಅವರ ಸ್ವಂತ ದುಃಖ, ಪದ್ಯದೊಳಗೆ ಮಗುವಿನ ಹೆಸರೂ ಇಲ್ಲ. ಕಥೆ ಗೊತ್ತಿಲ್ಲದವರಿಗೂ ಆ ಪದ್ಯ ತಾನಾಗಿ ನಿಲ್ಲುತ್ತದೆ.

ನಿನ್ನ ಸುತ್ತಲಿನ ನೆಲವನ್ನೇ ನೋಡು. ನಿನ್ನ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದವರು ವಿಜಯದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು ಜಗನ್ನಾಥದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು ಗೋಪಾಲದಾಸರು. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಪಂಡಿತರು. ಕನ್ನಡದ ಪದ ಹಾಡುವ ವಿಜಯದಾಸರನ್ನು ಕಡೆಗಣಿಸಿದರು, ಹೊಟ್ಟೆನೋವಿನಿಂದ ನರಳಿದರು, ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಧಾರೆ ಎರೆದರು ಎಂಬ ಕಥೆ ನಿನ್ನೂರ ಹಿರಿಯರಿಗೆಲ್ಲ ಬಾಯಿಪಾಠ. ಅಂಥ ಕಥೆಯುಳ್ಳವರು 'ಹರಿಕಥಾಮೃತಸಾರ' ಬರೆದರು. ಆ ಗ್ರಂಥವನ್ನು ಇವತ್ತು ಪಾರಾಯಣ ಮಾಡುವವರು ಅದರ ತತ್ವಕ್ಕಾಗಿ, ಭಾಮಿನಿ ಷಟ್ಪದಿಯ ನಡಿಗೆಗಾಗಿ ಮಾಡುತ್ತಾರೆ. ಹೊಟ್ಟೆನೋವಿನ ಕಥೆಯನ್ನು ಜನ ಆಮೇಲೆ ಅಭಿಮಾನದಿಂದ ಹೇಳಿಕೊಂಡು ಬಂದರು. ದಾಸರು ಪದದಲ್ಲಿ ಮರೆಯದೆ ಇಟ್ಟದ್ದು ಎರಡನ್ನು: ಕೊನೆಯಲ್ಲಿ ತಮ್ಮ ಅಂಕಿತ, ಮತ್ತು ತಮಗೆ ದಾರಿ ತೋರಿದ ಗುರುವಿನ ನೆನಪು. ತತ್ವಪದ ಕಟ್ಟಿದವರೂ ಹಾಗೆಯೇ ಮಾಡಿದರು. ಸ್ಫೂರ್ತಿ ಎಲ್ಲಿಂದ ಬಂತೆಂದು ಹೇಳುವ ನಮ್ಮ ಹಳೆಯ ರೀತಿ ಅದು. ಯಾರ ಋಣದಿಂದ ಈ ಹಾಡು ಬಂತೆಂದು ಹೇಳುತ್ತಿದ್ದರು, ಯಾರ ಗಾಯದಿಂದ ಎಂದಲ್ಲ.

ಈ ವ್ಯತ್ಯಾಸ ಹಿಡಿದುಕೊಂಡರೆ ನಿನ್ನ ಮುಂದಿನ ಬರಹಗಳು ತಾವಾಗಿ ಸರಿಯಾಗುತ್ತವೆ. ಹತ್ತಿ ಬಿಡಿಸುವಾಗ ಒಬ್ಬಾಕೆ ಸೊಲ್ಲು ಎತ್ತಿದರೆ ಉಳಿದವರು ಹೇಗೆ ಹಿಡಿಯುತ್ತಾರೆ, ಆ ಲಯ ನಿನ್ನ ಪಲ್ಲವಿಗೆ ಹೇಗೆ ಬಂತು ಎಂದು ಬರೆ. ಯಾವ ಪದವನ್ನು ತೆಗೆದು ಯಾವ ಪದ ಇಟ್ಟೆ, ಮೂರನೆಯ ನುಡಿಯನ್ನು ಯಾಕೆ ಕೈಬಿಟ್ಟೆ ಎಂದು ಬರೆ. ಗುಳೆ ಹೋಗುವ ದಿನ ಗಂಟಿನಲ್ಲಿ ಏನೇನು ಕಟ್ಟುತ್ತಾರೆ ಎಂದು ಬರೆ. ಇದನ್ನು ನಿನ್ನ ಬಿಟ್ಟು ಬೇರೆಯವರು ಹೇಳಲಾರರು, ಇದರಿಂದ ಯಾರ ಮಾನವೂ ಹೋಗುವುದಿಲ್ಲ. ಇನ್ನೊಬ್ಬರ ಬದುಕು ಒಳಗೆ ಬಂದಾಗ ಒಂದೇ ಪ್ರಶ್ನೆ ಕೇಳಿಕೋ: ಅವರನ್ನು ಎದುರಿಗೆ ಕೂಡಿಸಿಕೊಂಡು ಇದನ್ನು ಗಟ್ಟಿಯಾಗಿ ಓದಬಲ್ಲೆನೇ? ಇಲ್ಲವೆಂದರೆ ಕೇಳಿ ಒಪ್ಪಿಗೆ ಪಡೆ, ಅಥವಾ ಗುರುತು ಹತ್ತದಂತೆ ಬದಲಿಸು. ನಿನ್ನ ಪತ್ರವನ್ನು ಅಚ್ಚಿಗೆ ಕೊಡುವ ಮೊದಲು ನಾನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿನ್ನ ಸಂಕಟ ಓದುಗರಿಗೆ ತಲುಪಲು ನಿನ್ನ ಮನೆಯ ವಿಳಾಸ ಬೇಕಾಗಲಿಲ್ಲ.

ಹೆಸರಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ನಿನ್ನ ಸಂಕಟ ನ್ಯಾಯವಾದದ್ದು. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದು ಬೀಸುವ ಕಲ್ಲಿನ ಮುಂದಿನ ಪದಗಳನ್ನು ಕನ್ನಡಕ್ಕೆ ಉಳಿಸಿಕೊಟ್ಟರು. ಪದಗಳು ಉಳಿದವು, ಕಟ್ಟಿದ ಹೆಣ್ಣುಮಕ್ಕಳ ಹೆಸರು ಉಳಿಯಲಿಲ್ಲ. ಹರಪನಹಳ್ಳಿ ಭೀಮವ್ವ ಹತ್ತೊಂಬತ್ತನೇ ಶತಮಾನದಲ್ಲಿ ಹಾಡಿದ ಪದಗಳು ಮಾತ್ರ ಇವತ್ತಿಗೂ ಅವರವೇ, 'ಭೀಮೇಶಕೃಷ್ಣ' ಎಂಬ ಅಂಕಿತ ಇರುವುದರಿಂದ. ಆದ್ದರಿಂದ ನೀನೂ ಒಂದು ಅಂಕಿತ ಇಟ್ಟುಕೋ. ಹಾಡಿನ ಕೊನೆಯ ನುಡಿಯಲ್ಲಿ ಅದು ಸೇರಿಕೊಂಡರೆ ಯಾವ ಮೇಳ ಹಾಡಿದರೂ ನಿನ್ನ ಗುರುತು ಹಾಡಿನ ಜೊತೆಗೇ ಹೋಗುತ್ತದೆ.

ಕಾನೂನೂ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪದ ಬರೆದ ಗಳಿಗೆಯಿಂದಲೇ ಅದರ ಹಕ್ಕು ನಿನ್ನದು. ನೋಂದಣಿ ಕಡ್ಡಾಯವಲ್ಲ. ನೀನಿರುವ ತನಕ, ನಿನ್ನ ನಂತರ 60 ವರ್ಷ ಆ ಹಕ್ಕು ಉಳಿಯುತ್ತದೆ. ಸಾಹಿತ್ಯ, ಸಂಗೀತ ಸಂಯೋಜನೆ, ಧ್ವನಿಮುದ್ರಣ ಈ ಮೂರಕ್ಕೂ ಬೇರೆ ಬೇರೆ ಹಕ್ಕು. 'ಇದು ನಾನು ಬರೆದದ್ದು' ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಂ ಕೊಡುತ್ತದೆ. ಪದ ಬರೆದ ವಹಿಯಲ್ಲಿ ತಾರೀಖು ಹಾಕು, ಮೊದಲ ರೆಕಾರ್ಡಿಂಗಿನ ಮೂಲ ಫೈಲನ್ನು ಅಳಿಸದೆ ಇಡು, ಅವೇ ನಿನ್ನ ಪುರಾವೆ. ಆದರೆ ಇದೇ ಕಾಯ್ದೆಯ 52ನೇ ಕಲಂ ಧಾರ್ಮಿಕ ಸಮಾರಂಭಗಳಲ್ಲಿ ಹಾಡುವುದಕ್ಕೂ ಹವ್ಯಾಸಿ ಸಂಘಗಳು ಟಿಕೆಟ್ ಇಲ್ಲದೆ ಮಾಡುವ ಪ್ರದರ್ಶನಕ್ಕೂ ವಿನಾಯಿತಿ ಕೊಟ್ಟಿದೆ. ಜಾತ್ರೆಯಲ್ಲಿ ಹಾಡಿದ ಮೇಳದವರನ್ನು ಕಳ್ಳರೆನ್ನಲು ಹೋಗಬೇಡ. ಬಹುಶಃ ಮೊಬೈಲಿನಲ್ಲಿ ಬಂದ ಹಾಡು, ಬರೆದವರು ಯಾರೆಂದು ಅವರಿಗೂ ಗೊತ್ತಿರಲಿಕ್ಕಿಲ್ಲ. ಮೇಳದ ಹಿರಿಯರನ್ನು ಕಂಡು, ಹಾಡಿದ್ದಕ್ಕೆ ಸಂತೋಷ ಹೇಳಿ, ಪೂರ್ತಿ ಸಾಹಿತ್ಯ ಬರೆದುಕೊಟ್ಟು, ಮುಂದಿನ ಸಲ ಹೆಸರು ಹೇಳಿರೆಂದು ಕೇಳು. ಅವರು ಅದನ್ನು ಧ್ವನಿಮುದ್ರಿಸಿ ಮಾರಲು, ಯೂಟ್ಯೂಬಿಗೆ ಹಾಕಲು ಹೊರಟರೆ ಮಾತ್ರ ನಿನ್ನ ಅನುಮತಿ ಬೇಕೆಂದು ಸ್ಪಷ್ಟವಾಗಿ ಹೇಳು.

ಈಗ ಒಂದು ಮಾತು ಮನಸ್ಸಿಟ್ಟು ಕೇಳು. ಧಾಟಿಗಳೆಲ್ಲ ಅವ್ವನವು ಎಂದು ನನಗೆ ಬರೆದಿದ್ದೀಯ. ಹಾಡುಗಳ ಕೆಳಗೆ ಬರೆದಿದ್ದೀಯಾ? ಅಪ್ಪನ ಕುಡಿತಕ್ಕೆ ಸಿಕ್ಕ ಜಾಗ ಅವ್ವನ ಧಾಟಿಗೆ ಸಿಕ್ಕಿದೆಯೇ? ಮೇಳದವರು ನಿನ್ನ ಹೆಸರು ಹೇಳದಿದ್ದಾಗ ನಿನಗಾದ ಸಂಕಟ ಅವ್ವನಿಗೂ ಆಗಿರಬಹುದು, ಅವಳು ಹೇಳಿಕೊಳ್ಳಲಿಕ್ಕಿಲ್ಲ. ಅವಳ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎಂದುಕೊಳ್ಳದೆ ಹತ್ತಿರ ಕೂತು ಕೇಳು. ಅವಳ ಪದಗಳನ್ನು ಅವಳ ದನಿಯಲ್ಲೇ ರೆಕಾರ್ಡ್ ಮಾಡಿಕೋ. ಹೊರಗೆ ಹಾಕಬೇಕೋ ಬೇಡವೋ ಅವಳೇ ಹೇಳಲಿ.

ಸಂಗೀತ ಕಲಿಯದಿರುವುದು ಅಡ್ಡಿಯಲ್ಲ. ಕೇಳುವಂತೆ ಹಾಡಬೇಕು, ಕೇಳುವಂತೆ ರೆಕಾರ್ಡ್ ಮಾಡಬೇಕು, ಅಷ್ಟೆ. ಕಲ್ಲಿನ ಗೋಡೆ, ಪರಸಿ ಹಾಸಿದ ನೆಲ ದನಿಯನ್ನು ಮರಳಿಸಿ ಗೊಗ್ಗರ ಮಾಡುತ್ತವೆ. ಹಾಡುವ ಜಾಗದ ಹಿಂದೆ, ಪಕ್ಕ ಎರಡು ದಪ್ಪ ಕೌದಿ ತೂಗುಹಾಕು, ಕೆಳಗೊಂದು ಹಾಸು. ಫ್ಯಾನ್ ಆರಿಸು, ಫೋನನ್ನು ಫ್ಲೈಟ್ ಮೋಡಿಗೆ ಹಾಕು. ಫೋನು ಬಾಯಿಂದ ಒಂದು ಗೇಣು ದೂರ, ಕೊಂಚ ಓರೆಯಾಗಿರಲಿ. ನೇರ ಎದುರಿಗಿದ್ದರೆ ಉಸಿರು ಬಡಿಯುತ್ತದೆ. ಹಾರ್ಮೋನಿಯಂ ದನಿಗಿಂತ ಜೋರಾಗುತ್ತದೆ, ಅದನ್ನು ಬೇರೆಯವರು ದೂರ ಕೂತು ನುಡಿಸಲಿ. ಒಬ್ಬಳೇ ಇದ್ದರೆ ಶ್ರುತಿಯಷ್ಟೇ ಹಿಡಿದು ಮೆಲ್ಲಗೆ ನುಡಿಸು. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಕೆಡುವುದಿಲ್ಲ. ಸಿನಿಮಾ ಧಾಟಿಗೆ ನಿನ್ನ ಮಾತು ಕೂರಿಸಬೇಡ, ಆ ಸಂಗೀತದ ಹಕ್ಕು ಬೇರೆಯವರದು. ಜನಪದ ಧಾಟಿಗೆ ಆ ತೊಡಕಿಲ್ಲ. ಕೈ ಕುದುರಿದ ಮೇಲೆ ರಾಯಚೂರು ಆಕಾಶವಾಣಿಗೆ ಹೋಗಿ ಜನಪದ ಮತ್ತು ಸುಗಮ ಸಂಗೀತದ ಧ್ವನಿ ಪರೀಕ್ಷೆ ಯಾವಾಗ ಎಂದು ವಿಚಾರಿಸು. ಗೆಳತಿಯ ಮಾತಿಗಿಂತ ಆ ಪರೀಕ್ಷೆ ನಿನಗೆ ಹೆಚ್ಚು ಕಲಿಸುತ್ತದೆ.

ಅಣ್ಣನ ಮದುವೆ ಗೊತ್ತಾಗಲಿ. ಆಗ ಅರಿಶಿಣದ ದಿನಕ್ಕೆ ಒಂದು ಸೋಬಾನ ಪದ ಕಟ್ಟು. ಅವನು ನಿನಗಾಗಿ ಮಾಡಿದ್ದನ್ನೆಲ್ಲ ಅದರೊಳಗೆ ಇಡು. ಮನೆಯವರೆಲ್ಲ ಕೂತು ಹಾಡುವ ಆ ಹೊತ್ತಿನಲ್ಲಿ ಹೇಳಬಹುದಾದ ಮಾತಿಗೂ ಊರಿಗೆಲ್ಲ ಕೇಳುವಂತೆ ಹೇಳಬಹುದಾದ ಮಾತಿಗೂ ಇರುವ ಅಂತರ ಬರೆಯುವಾಗಲೇ ನಿನಗೆ ತಿಳಿಯುತ್ತದೆ. ಅದನ್ನೂ ಹೊರಗೆ ಹಾಕಬೇಕೆನಿಸಿದರೆ ಮೊದಲು ಅಣ್ಣನಿಗೆ ಕೇಳಿಸಿ, ಅವನನ್ನು ಕೇಳಿ ಹಾಕು.