ಮಡಚುವ ಚಾಕು ಕೊಳ್ತೀರಾ? ಮೊದಲು ಲಾಕ್ ನೋಡಿ, ಆಮೇಲೆ ಅಲಗು



ನನ್ನ ಬಲಗೈ ತೋರುಬೆರಳು ಇವತ್ತಿಗೂ ಪೂರ್ತಿ ಮಡಚೋದಿಲ್ಲ. ಕಾರಣ ಒಂದು ಚಾಕು. ಸಂತೆಯಲ್ಲಿ ನೂರೈವತ್ತು ರೂಪಾಯಿಗೆ ತಗೊಂಡಿದ್ದೆ. ನೋಡೋಕೆ ದೊಡ್ಡದು, ಫಳಫಳ ಹೊಳೀತಿತ್ತು, ಹರಿತವೂ ಇತ್ತು. ಒಂದು ದಿನ ಜೀವಾಮೃತದ ಪ್ಲಾಸ್ಟಿಕ್ ಡ್ರಮ್ಮಿಗೆ ನಲ್ಲಿ ಕೂರಿಸಲು ಅದರ ಮೊನೆಯಿಂದ ತೂತು ಮಾಡ್ತಿದ್ದೆ. ಮೊನೆ ಸಿಕ್ಕಿಕೊಂಡಿತು. ಜೋರಾಗಿ ಒತ್ತಿದೆ. ಅಲಗು ಹಿಂದಕ್ಕೆ ಮಡಚಿ ನೇರವಾಗಿ ಬೆರಳಿನ ಮೇಲೆ ಬಂತು. ಬೆರಳು ಮಡಚುವ ನರ ಅಂತ ನಾವು ಕರೆಯೋ ಸ್ನಾಯುರಜ್ಜು ಕತ್ತರಿಸಿಹೋಗಿತ್ತು. ಆಪರೇಷನ್ ಆಯ್ತು, ಆರು ವಾರ ಕೈಗೆ ಪಟ್ಟಿ. ಅದೂ ಟೊಮೆಟೊ ಕೊಯ್ಲಿನ ಹೊತ್ತಿಗೆ ಸರಿಯಾಗಿ.

ಆ ಚಾಕುವಿಗೆ ಲಾಕ್ ಇರಲಿಲ್ಲ. ಲಾಕ್ ಅಂತ ಒಂದು ಇರುತ್ತೆ ಅನ್ನೋದನ್ನೇ ನಾನು ಕೊಳ್ಳುವಾಗ ಯೋಚಿಸಿರಲಿಲ್ಲ. ದಿನಾ ಜೇಬಲ್ಲಿ ಇಟ್ಟುಕೊಳ್ಳುವ ದೊಡ್ಡ ಮಡಚುವ ಚಾಕುವನ್ನು ಆರಿಸೋದು ಹೇಗೆ ಅಂತ ಈ ವಾರ ನೋಡೋಣ.

ಕುಡುಗೋಲು ಇರುವಾಗ ಇದು ಯಾಕೆ?

ಕುಡುಗೋಲು, ಮಚ್ಚು ಕೆಲಸಕ್ಕೆ ಹೋಗುವಾಗ ಒಯ್ಯುವ ಸಾಮಾನು. ಆದರೆ ತೋಟದಲ್ಲಿ ಅರ್ಧ ಕೆಲಸ ಹೇಳಿಕೇಳಿ ಬರೋದಿಲ್ಲ. 16 ಎಂಎಂ ಡ್ರಿಪ್ ಪೈಪ್ ಕತ್ತರಿಸಬೇಕು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಬಳ್ಳಿ ಕಟ್ಟಿದ ದಾರ ತುಂಡು ಮಾಡಬೇಕು, ಹಣ್ಣು ಸೀಳಿ ಒಳಗೆ ಹುಳ ಇದೆಯಾ ನೋಡಬೇಕು. ಜೇಬಿನ ಚಾಕು ಇರೋದು ಇಂಥ ಕೆಲಸಕ್ಕೆ.

ಎರಡು ಕೆಲಸಕ್ಕೆ ಮಾತ್ರ ಇದನ್ನು ಬಳಸಬೇಡಿ. ಚಾಟನಿ ಮಾಡಲು ಸಿಕೇಚರ್ ಇರಲಿ. ಕಸಿ ಕಟ್ಟಲು ಕಸಿ ಚಾಕುವೇ ಬೇಕು. ಅದರ ಅಲಗನ್ನು ಸಾಮಾನ್ಯವಾಗಿ ಒಂದೇ ಕಡೆ ಮಸೆದಿರ್ತಾರೆ, ಆದ್ದರಿಂದಲೇ ಸೀಳು ಸಪಾಟಾಗಿ ಬರುತ್ತೆ. ಪೈಪ್ ಕುಯ್ದ ಚಾಕುವಿನಲ್ಲಿ ಕಸಿ ಕಟ್ಟಿದರೆ ಕಡ್ಡಿಗಳು ಸರಿಯಾಗಿ ಕೂಡುವುದಿಲ್ಲ.

ದೊಡ್ಡದು ಅಂದರೆ ಎಷ್ಟು ದೊಡ್ಡದು?

ಅಲಗು 8ರಿಂದ 10 ಸೆಂ.ಮೀ. ಇದ್ದರೆ ಸಾಕು. ಅದಕ್ಕಿಂತ ಉದ್ದ ಬೇಕಾದ ಕೆಲಸಕ್ಕೆ ಕುಡುಗೋಲೇ ಸರಿ. ದೊಡ್ಡ ಚಾಕುವಿನ ನಿಜವಾದ ಲಾಭ ಅಲಗಿನಲ್ಲಿಲ್ಲ, ಹಿಡಿಯಲ್ಲಿದೆ. ಮುಷ್ಟಿ ಕಟ್ಟಿದಾಗ ನಾಲ್ಕೂ ಬೆರಳು ಹಿಡಿಯ ಮೇಲೆ ಕೂರಬೇಕು. ಕಿರುಬೆರಳು ಹೊರಗುಳಿದರೆ ಬೆವರು ಕೈಯಲ್ಲಿ ಚಾಕು ಜಾರುತ್ತೆ. ತೂಕ 150 ಗ್ರಾಂ ದಾಟಿದರೆ ಎರಡೇ ದಿನದಲ್ಲಿ ಮನೆಯಲ್ಲೇ ಬಿಟ್ಟು ಹೋಗ್ತೀರಿ. ಮನೆಯಲ್ಲಿರುವ ಚಾಕುವಿನಿಂದ ತೋಟದಲ್ಲಿ ಏನೂ ಪ್ರಯೋಜನ ಇಲ್ಲ.

ಲಾಕ್: ಇದರಲ್ಲಿ ರಾಜಿ ಬೇಡ

ಮಾರುಕಟ್ಟೆಯಲ್ಲಿ ಮುಖ್ಯವಾಗಿ ನಾಲ್ಕು ಬಗೆ ಸಿಗುತ್ತವೆ.

1. ಲಾಕ್ ಇಲ್ಲದ್ದು: ಒಳಗಿನ ಪಟ್ಟಿ ಸ್ಪ್ರಿಂಗ್ ಅಲಗನ್ನು ಒತ್ತಿ ಹಿಡಿದಿರುತ್ತೆ, ಅಷ್ಟೇ. ದಾರ, ಹಣ್ಣು ಕುಯ್ಯಲು ಪರವಾಗಿಲ್ಲ. ಮೊನೆಯಿಂದ ಚುಚ್ಚಿದರೆ ಮಡಚಿಕೊಳ್ಳುತ್ತೆ. ನನಗೆ ಆದದ್ದು ಇದೇ.

2. ಲೈನರ್ ಲಾಕ್: ಅಲಗು ತೆರೆದ ಕೂಡಲೇ ಹಿಡಿಯೊಳಗಿನ ತೆಳು ಲೋಹದ ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಸಿಕೊಳ್ಳುತ್ತೆ. ಒಂದೇ ಕೈಯಲ್ಲಿ ಮುಚ್ಚಬಹುದು. ಹೊಸ ಚಾಕುವಿನಲ್ಲಿ ಆ ಪಟ್ಟಿ ಬುಡದ ಅಂಚಿಗೆ ಸುಮ್ಮನೆ ತಾಗಿದ್ದರೆ ಸಾಲದು, ಕಾಲು ಭಾಗದಿಂದ ಅರ್ಧದವರೆಗಾದರೂ ಒಳಗೆ ಬಂದಿರಬೇಕು.

3. ಬ್ಯಾಕ್ ಲಾಕ್: ಹಿಡಿಯ ಬೆನ್ನಿನ ಮೇಲೆ ಒತ್ತಿದರೆ ಮಾತ್ರ ಮುಚ್ಚುತ್ತೆ. ಗಟ್ಟಿ. ಆದರೆ ಅದರ ಕಚ್ಚಿನಲ್ಲಿ ಮಣ್ಣು ಕೂತರೆ ಲಾಕ್ ಪೂರ್ತಿ ಬೀಳೋದಿಲ್ಲ. ವಾರಕ್ಕೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತೊಳೀರಿ.

4. ಉಂಗುರದ ಲಾಕ್: ಫ್ರಾನ್ಸಿನ ಒಪಿನೆಲ್ ಚಾಕುಗಳಲ್ಲಿ ಇರೋದು ಇದು. 1890ರಲ್ಲಿ ಶುರುವಾದ ಈ ಚಾಕುವಿಗೆ ಉಂಗುರ ಸೇರಿದ್ದು 1955ರಲ್ಲಿ. ಅಲಗು ತೆರೆದ ಮೇಲೆ ಬುಡದ ಲೋಹದ ಉಂಗುರ ತಿರುಗಿಸಬೇಕು. ಹಗುರ, ಸರಳ. ತಿರುಗಿಸೋದು ಮರೆತರೆ ಮಾತ್ರ ಲಾಕ್ ಇಲ್ಲದ ಚಾಕುವೇ. ಮರದ ಹಿಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ತೆರೆಯೋಕೆ ಬಿಗಿಯಾಗುತ್ತೆ. ಇದರಲ್ಲಿ 8ನೇ ನಂಬರಿನ ಅಲಗು 8.5 ಸೆಂ.ಮೀ., 10ನೇ ನಂಬರಿನದು 10 ಸೆಂ.ಮೀ.

ಗುಂಡಿ ಒತ್ತಿದರೆ ಚಟ್ ಅಂತ ತಾನೇ ತೆರೆಯುವ ಚಾಕು ಬೇಡವೇ ಬೇಡ. ಜೇಬಲ್ಲೇ ತೆರೆದುಕೊಳ್ಳಬಹುದು, ಪೊಲೀಸರ ಕಣ್ಣಿಗೂ ಬೀಳುತ್ತೆ.

ಸ್ಟೀಲ್ ಯಾವುದು?

ಕಾರ್ಬನ್ ಸ್ಟೀಲ್ ಬೇಗ ಹರಿತ ಆಗುತ್ತೆ, ಬೇಗ ತುಕ್ಕೂ ಹಿಡಿಯುತ್ತೆ. ನಿಂಬೆ, ಮಾವಿನ ಸೊನೆ, ಟೊಮೆಟೊ ರಸ ತಾಗಿದರೆ ಒಂದೇ ದಿನದಲ್ಲಿ ಕಪ್ಪಾಗುತ್ತೆ. ಒರೆಸಿ ಎಣ್ಣೆ ಸವರುವ ಅಭ್ಯಾಸ ಇದ್ದವರಿಗೆ ಮಾತ್ರ ಅದು ಸರಿ. ಉಳಿದವರಿಗೆ ಸ್ಟೇನ್‌ಲೆಸ್ ಒಳ್ಳೆಯದು. ಅಲಗಿನ ಮೇಲೋ ವಿವರದಲ್ಲೋ 12ಸಿ27, 8ಸಿಆರ್13ಎಂಒವಿ ಅಂತ ಇದ್ದರೆ ಎರಡರಲ್ಲೂ ಕ್ರೋಮಿಯಂ ಸುಮಾರು ಶೇ. 13 ಇರುತ್ತೆ, ತೋಟದ ಕೆಲಸಕ್ಕೆ ಸಾಕು. ಡಿ2 ಅನ್ನೋದು ಹರಿತ ಹೆಚ್ಚು ದಿನ ಹಿಡಿಯುತ್ತೆ, ಆದರೆ ಪೂರ್ತಿ ತುಕ್ಕುನಿರೋಧಕ ಅಲ್ಲ, ಮಸೆಯೋದೂ ಕಷ್ಟ. ಬರೀ 'ಸ್ಟೇನ್‌ಲೆಸ್' ಅಂತಷ್ಟೇ ಬರೆದಿದ್ದರೆ ಯಾವ ಸ್ಟೀಲ್ ಅಂತ ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಅಂಗಡಿಯಲ್ಲಿ ಎರಡು ನಿಮಿಷದ ಪರೀಕ್ಷೆ

- ಅಲಗು ತೆರೆದು ಅಕ್ಕಪಕ್ಕ ಅಲುಗಾಡಿಸಿ. ಕೀಲು ಲೊಡಲೊಡ ಅನ್ನಬಾರದು.
- ಬೆರಳುಗಳನ್ನು ಅಲಗು ಮಡಚುವ ದಾರಿಯಿಂದ ದೂರ ಇಟ್ಟು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ನಿಧಾನವಾಗಿ ಒತ್ತಿ. ಲಾಕ್ ಜಾರಿದರೆ ವಾಪಸ್ ಕೊಡಿ.
- ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ.
- ಮಡಚಿದಾಗ ಮೊನೆ ಪೂರ್ತಿ ಹಿಡಿಯೊಳಗೆ ಹೋಗಬೇಕು.

ಆನ್‌ಲೈನಲ್ಲಿ ತರಿಸಿದರೆ ಪಾರ್ಸೆಲ್ ಬಂದ ದಿನವೇ ಇವಿಷ್ಟನ್ನೂ ಮಾಡಿ, ವಾಪಸಾತಿ ಅವಧಿ ಮುಗಿಯುವವರೆಗೆ ಕಾಯಬೇಡಿ.

ಹರಿತ ಮತ್ತು ಹದ

ಮೊಂಡು ಚಾಕುವೇ ಹೆಚ್ಚು ಅಪಾಯ. ಜೋರು ಹಾಕ್ತೀವಿ, ಜಾರುತ್ತೆ. ಸಾಣೆಕಲ್ಲಿನ ಮೇಲೆ ಪ್ರತಿ ಬದಿ ಸುಮಾರು 20 ಡಿಗ್ರಿ ಕೋನ ಸಾಕು. ಡಿಗ್ರಿ ಅಳೆಯೋದು ಹೇಗೆ? ಅಲಗಿನ ಅಗಲದ ಮೂರನೇ ಒಂದು ಭಾಗದಷ್ಟು ಬೆನ್ನನ್ನು ಕಲ್ಲಿನಿಂದ ಮೇಲೆತ್ತಿ. ಅಗಲ 24 ಎಂಎಂ ಇದ್ದರೆ 8 ಎಂಎಂ ಎತ್ತಿ, ಹೆಚ್ಚುಕಡಿಮೆ 20 ಡಿಗ್ರಿ ಬರುತ್ತೆ. ಗ್ರೈಂಡರಿಗೆ ಕೊಡಬೇಡಿ. ಕಿಡಿ ಹಾರಿ ಅಂಚು ನೀಲಿಯಾದರೆ ಸ್ಟೀಲಿನ ಹದ ಹೋಯ್ತು ಅಂತ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲೋದಿಲ್ಲ.

ಚಾಕು ರೋಗವನ್ನೂ ಹೊತ್ತು ತರುತ್ತೆ

ದುಂಡಾಣು ಅಂಗಮಾರಿ ಬಂದ ದಾಳಿಂಬೆ ಹಣ್ಣನ್ನು ಸೀಳಿ ನೋಡಿ, ಅದೇ ಚಾಕುವನ್ನು ಆರೋಗ್ಯವಾಗಿರುವ ಗಿಡಕ್ಕೆ ತಾಗಿಸಿದರೆ ರೋಗ ದಾಟಿಸಿದವರು ನಾವೇ. ಬಿತ್ತನೆ ಶುಂಠಿ ತುಂಡು ಮಾಡುವಾಗ ದುಂಡಾಣು ಸೊರಗು ರೋಗವೂ ಹೀಗೇ ಹರಡುತ್ತೆ. ಮೊದಲು ಅಲಗಿಗೆ ಅಂಟಿದ ರಸ, ಮಣ್ಣು ಒರೆಸಿ. ಆಮೇಲೆ ಶೇ. 70ರ ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ ಒಣಗಲು ಬಿಡಿ. ಬ್ಲೀಚಿಂಗ್ ದ್ರಾವಣವೂ ಆಗುತ್ತೆ, ಆದರೆ ಅದು ಸ್ಟೀಲನ್ನು ತಿನ್ನುತ್ತೆ. ಬಳಸಿದರೆ ತೊಳೆದು ಒರೆಸಿ ಕೀಲಿಗೆ ಒಂದು ಹನಿ ಎಣ್ಣೆ ಬಿಡಿ.

ಎಲ್ಲಿ ಒಯ್ಯಬಾರದು

ಶಸ್ತ್ರಾಸ್ತ್ರ ಕಾಯ್ದೆ 1959ರ ಅಡಿಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಮನೆಬಳಕೆಗೆ, ಕೃಷಿಗೆ ಅಂತ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮ್ಮ 10 ಸೆಂ.ಮೀ. ಅಂದರೆ 4 ಇಂಚು. ಹಾಗಂತ ಎಲ್ಲ ಕಡೆ ಒಯ್ಯಬಹುದು ಅಂತಲ್ಲ. ವಿಮಾನದ ಕೈಚೀಲದಲ್ಲಿ ಬಿಡೋದಿಲ್ಲ, ಮೆಟ್ರೋ ತಪಾಸಣೆಯಲ್ಲೂ ತಡೀತಾರೆ. ಕೋರ್ಟು, ಚುನಾವಣಾ ಸಭೆ, ಜಾತ್ರೆಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗಿ. ಬದುವಿನ ಜಗಳದಲ್ಲಂತೂ ಕೈ ಜೇಬಿನ ಕಡೆ ಹೋಗಲೇಬಾರದು. ಅಲ್ಲಿ ತೆಗೆದ ಕೂಡಲೇ ಅದು ಕೃಷಿ ಸಾಮಾನು ಅಲ್ಲ, ಕೇಸಿನ ಸಾಕ್ಷಿ.

ಕೈ ಕುಯ್ದುಕೊಂಡರೆ

ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡೀರಿ, ಕೈ ಮೇಲೆತ್ತಿ. ಅರಿಶಿನ, ಕಾಫಿಪುಡಿ, ಮಣ್ಣು ಮೆತ್ತಬೇಡಿ. ರಕ್ತ ನಿಂತ ಮೇಲೆ ಬೆರಳು ಮಡಚಿ, ಚಾಚಿ ನೋಡಿ. ಮಡಚದಿದ್ದರೆ, ತುದಿ ಜೋಮು ಹಿಡಿದಿದ್ದರೆ ಅಥವಾ ರಕ್ತ ನಿಲ್ಲದಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಬೇಕಾ ಅಂತ ಕೇಳಿ. "ಸಂಜೆ ನೋಡೋಣ" ಅಂತ ನಾನು ತಡ ಮಾಡಿದೆ. ಬೆರಳು ಹೀಗೆ ಉಳಿಯೋಕೆ ಅದೂ ಒಂದು ಕಾರಣ ಅಂತ ಡಾಕ್ಟರ್ ಹೇಳಿದರು.

ಈಗ ನನ್ನ ಜೇಬಲ್ಲಿ ಇರೋದು 9 ಸೆಂ.ಮೀ. ಅಲಗಿನ, ಲೈನರ್ ಲಾಕ್ ಇರುವ ಸಾದಾ ಸ್ಟೇನ್‌ಲೆಸ್ ಚಾಕು. ಲಾಕ್ ಇದ್ದರೂ ಅದರಿಂದ ಡ್ರಮ್ಮಿಗೆ ತೂತು ಹಾಕೋಲ್ಲ, ಅದಕ್ಕೆ ಡ್ರಿಲ್ ಇದೆ. ನಿಮ್ಮ ಹತ್ತಿರ ಈಗಾಗಲೇ ಮಡಚುವ ಚಾಕು ಇದ್ದರೆ ಇವತ್ತೇ ಹೊರಗೆ ತೆಗೀರಿ, ಮೇಜಿನ ಅಂಚಿಗೆ ಬೆನ್ನು ಒತ್ತಿ ನೋಡಿ. ಮಡಚಿಕೊಂಡರೆ ಅಡುಗೆಮನೆಗೆ ಕೊಡಿ, ತೋಟಕ್ಕೆ ಬೇರೆ ತನ್ನಿ.