ಅನಾಥರನ್ನು ಸಂದರ್ಶಿಸುವುದೆಂದರೇನು?



ನಮ್ಮ ಕೊಪ್ಪಳ ಜಿಲ್ಲೆಯ ಒಂದು ಕುಟುಂಬ ಈಗ ವಿದೇಶದಲ್ಲಿ ನೆಲೆಸಿದೆ. ಆ ಮನೆಯ ಯಜಮಾನರು ನನಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಲ್ಲಿನ ಧರ್ಮಕೇಂದ್ರದ ಯುವಜನರ ತಂಡವು ಎರಡು ವಾರದ ಸೇವಾಯಾತ್ರೆಗೆಂದು ನೇಪಾಳಕ್ಕೆ ಹೊರಟಿದೆ. ಅನಾಥಾಲಯಗಳನ್ನು ಸಂದರ್ಶಿಸಿ, ಮಕ್ಕಳೊಡನೆ ಆಡಿ ಹಾಡಿ, ಪಾಠ ಹೇಳಿಕೊಟ್ಟು ಬರುವುದು ಅವರ ಉದ್ದೇಶ. "ಮಗಳನ್ನು ಕಳುಹಿಸಲೋ ಬೇಡವೋ, ಫಾದರ್? ಇದು ಒಳ್ಳೆಯ ಕೆಲಸವೇ ತಾನೆ?" ಎಂದು ಅವರು ಕೇಳುತ್ತಾರೆ.

ಈ ಪ್ರಶ್ನೆ ವಿದೇಶದಲ್ಲಿರುವವರದು ಮಾತ್ರವೆಂದು ತಿಳಿಯಬೇಡಿ. ಮಗುವಿನ ಹುಟ್ಟುಹಬ್ಬದಂದು ಅನಾಥಾಲಯಕ್ಕೆ ಹೋಗಿ, ಕೇಕ್ ಕತ್ತರಿಸಿ, ಸಿಹಿ ಹಂಚಿ, ಫೋಟೋ ತೆಗೆಸಿಕೊಂಡು ಬರುವ ಪದ್ಧತಿ ನಮ್ಮಲ್ಲಿಯೂ ಬೇರೂರಿದೆ. ತಪಸ್ಸುಕಾಲದಲ್ಲಿ ನಮ್ಮ ಧರ್ಮೋಪದೇಶದ ಮಕ್ಕಳನ್ನೂ ಹೀಗೆ ಕರೆದುಕೊಂಡು ಹೋಗುತ್ತೇವೆ. ಆದ್ದರಿಂದ ಈ ವಾರ ಎಲ್ಲರೂ ಕೂಡಿ ಈ ವಿಷಯವನ್ನು ಧ್ಯಾನಿಸೋಣ.

ತಳಕಲ್ ನಿಲ್ದಾಣದಲ್ಲಿ

ಗದಗ ಮತ್ತು ಕೊಪ್ಪಳದ ನಡುವೆ ತಳಕಲ್ ಎಂಬ ರೈಲು ನಿಲ್ದಾಣವಿದೆ. ಕುಕನೂರು, ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಗೆ ಹೋಗುವ ಹೊಸ ಹಳಿ ಇಲ್ಲಿಂದಲೇ ಕವಲೊಡೆಯುತ್ತದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಸಂಚಾರ ಆರಂಭವಾಯಿತು. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಬಡವರು ಗಂಟುಮೂಟೆ ಕಟ್ಟಿಕೊಂಡು ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜ-ಅಜ್ಜಿಯರ ಬಳಿ ಉಳಿಯುತ್ತಾರೆ.

ಮೂರು ವರ್ಷಗಳ ಹಿಂದೆ ಆ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆಯ ಗಾಡಿಗಾಗಿ ಕಾಯುತ್ತಿದ್ದೆ. ನನ್ನ ಬಿಳಿ ನಿಲುವಂಗಿಯನ್ನು ನೋಡಿ ಒಬ್ಬ ಮುದುಕಿ ಎಂಟು ವರ್ಷದ ಹುಡುಗನೊಬ್ಬನನ್ನು ಕೈಹಿಡಿದು ಕರೆತಂದಳು. "ಯಪ್ಪಾ, ಇವನ್ನ ನಿಮ್ಮ ಕಡೆ ಅನಾಥ ಮಕ್ಕಳ ಸಾಲಿಗೆ ಹಾಕ್ರಿ. ತಂದಿ-ತಾಯಿ ಇಲ್ಲಂತ ಬರಕೋರಿ, ನಿಮಗ ಪುಣ್ಯಾ ಬರತೈತಿ" ಎಂದಳು.

ಅಷ್ಟರಲ್ಲಿ ಹುಡುಗ ತಲೆಯೆತ್ತಿ, "ನಮ್ಮವ್ವ ಅದಾಳ್ರೀ. ಮಂಗಳೂರಾಗ ಅದಾಳ" ಎಂದ.

"ನೀ ಸುಮ್ಮನಿರಲೇ" ಎಂದು ಅಜ್ಜಿ ಅವನ ಬಾಯಿ ಮುಚ್ಚಿಸಿದಳು.

ತಂದೆ ತೀರಿಹೋಗಿದ್ದುದು ನಿಜ. ತಾಯಿ ಮಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಅಜ್ಜಿ ಕೆಟ್ಟವಳಲ್ಲ, ಮೊಮ್ಮಗನಿಗೆ ಎರಡು ಹೊತ್ತಿನ ಊಟ, ಓದು ಸಿಗಲೆಂಬುದೇ ಆಕೆಯ ಆಸೆ. "ಅನಾಥ" ಎಂಬ ಒಂದು ಮಾತು ಬರೆಸಿದರೆ ಬಾಗಿಲು ತೆರೆಯುತ್ತದೆಂದು ಆಕೆಗೆ ಯಾರೋ ಹೇಳಿದ್ದರು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ಹಾಗೆಯೇ ಅನ್ನಿಸಿತು: ಒಂದು ಮಾತು ತಾನೆ, ಬರೆದರೆ ಹುಡುಗನ ಬಾಳು ಹಸನಾಗುತ್ತದಲ್ಲ? ಆದರೆ "ನಮ್ಮವ್ವ ಅದಾಳ್ರೀ" ಎಂದ ಹುಡುಗನ ಮುಖ ಎದುರಿಗಿತ್ತು. ಬದುಕಿರುವ ತಾಯಿಯನ್ನು ಕಾಗದದ ಮೇಲೆ ಸಾಯಿಸುವ ಅಧಿಕಾರ ನನಗೆಲ್ಲಿಂದ ಬರಬೇಕು?

ಯಕೋಬರ ಮಾತಿನ ಅರ್ಥ

ಸಂತ ಯಕೋಬರು ತಮ್ಮ ಪತ್ರದ ಮೊದಲ ಅಧ್ಯಾಯದ 27ನೇ ವಚನದಲ್ಲಿ ನಿಜವಾದ ಭಕ್ತಿಯ ಲಕ್ಷಣವನ್ನು ತಿಳಿಸುತ್ತಾರೆ. ಕಷ್ಟದಲ್ಲಿರುವ ಅನಾಥರನ್ನೂ ವಿಧವೆಯರನ್ನೂ ಸಂದರ್ಶಿಸುವುದು ಅದರಲ್ಲಿ ಒಂದು. ಸೇವಾಯಾತ್ರೆ ಹೊರಡುವವರು ಸಾಮಾನ್ಯವಾಗಿ ಈ ವಚನವನ್ನೇ ಆಧಾರವಾಗಿ ತೋರಿಸುತ್ತಾರೆ. ಆದರೆ ಇದರಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ.

ಮೊದಲನೆಯದು, "ಸಂದರ್ಶಿಸು" ಎಂಬ ಪದ. ಮೂಲ ಗ್ರೀಕಿನಲ್ಲಿ ಇಲ್ಲಿರುವ ಕ್ರಿಯಾಪದ "ಎಪಿಸ್ಕೆಪ್ಟೆಸ್ಥಾಯ್". ಅದರ ಅರ್ಥ ಹೋಗಿ ನೋಡಿ ಬರುವುದಷ್ಟೇ ಅಲ್ಲ. ಹೊಣೆ ಹೊತ್ತು ನೋಡಿಕೊಳ್ಳುವುದು, ಯೋಗಕ್ಷೇಮ ವಿಚಾರಿಸುವುದು ಎಂದೂ ಅರ್ಥ. ನಮ್ಮ ಧರ್ಮಾಧ್ಯಕ್ಷರನ್ನು ಕರೆಯುವ "ಬಿಷಪ್" ಎಂಬ ಪದ ಬಂದಿರುವುದು ಇದೇ ಧಾತುವಿನಿಂದ. ಧರ್ಮಾಧ್ಯಕ್ಷರು ವರ್ಷಕ್ಕೊಮ್ಮೆ ಬಂದು ಹಾರ ಹಾಕಿಸಿಕೊಂಡು ಹೋದರೆ ಅವರ ಕರ್ತವ್ಯ ಮುಗಿಯಿತೆಂದು ನಾವು ಒಪ್ಪುತ್ತೇವೆಯೆ?

ಇದೇ ಕ್ರಿಯಾಪದವನ್ನು ಸಂತ ಲೂಕರು ನಾಯಿನ್ ಊರಿನ ಘಟನೆಯಲ್ಲಿ ಬಳಸಿದ್ದಾರೆ (ಲೂಕ 7:11-17). ವಿಧವೆಯೊಬ್ಬಳ ಒಬ್ಬನೇ ಮಗ ಸತ್ತಿದ್ದಾನೆ. ಯೇಸುಸ್ವಾಮಿ ಕನಿಕರಗೊಂಡು ಅವನನ್ನು ಎಬ್ಬಿಸುತ್ತಾರೆ. ಆಮೇಲೆ ಏನು ಮಾಡುತ್ತಾರೆ? ಅವನನ್ನು ತಮ್ಮ ಹಿಂದೆ ಶಿಷ್ಯನನ್ನಾಗಿ ಕರೆದೊಯ್ಯುವುದಿಲ್ಲ. ತಾಯಿಯ ವಶಕ್ಕೆ ಒಪ್ಪಿಸುತ್ತಾರೆ. ಇದನ್ನು ಕಂಡ ಜನರು, ದೇವರೇ ತಮ್ಮ ಪ್ರಜೆಯನ್ನು ಸಂದರ್ಶಿಸಿದ್ದಾರೆಂದು ಕೊಂಡಾಡುತ್ತಾರೆ. ಮಗುವನ್ನು ತಾಯಿಗೆ ಮರಳಿಸುವುದೇ ದೇವರ ಸಂದರ್ಶನದ ಗುರುತು.

ಎರಡನೆಯದು, ಯಕೋಬರು ಅನಾಥರನ್ನೂ ವಿಧವೆಯರನ್ನೂ ಒಟ್ಟಿಗೆ ಹೆಸರಿಸುತ್ತಾರೆ. ನಾವಾದರೋ ಈ ಜೋಡಿಯನ್ನು ಬೇರ್ಪಡಿಸಿಬಿಟ್ಟಿದ್ದೇವೆ. ಮಗುವನ್ನು ನೋಡಲು ಸಾವಿರಾರು ಮೈಲಿ ಹೋಗುತ್ತೇವೆ. ಮಗುವನ್ನು ಬಿಟ್ಟುಕೊಟ್ಟ ತಾಯಿ ಯಾವ ಹಳ್ಳಿಯಲ್ಲಿದ್ದಾಳೆಂದು ಕೇಳುವುದಿಲ್ಲ. ಆ ವಿಧವೆಯನ್ನು ಸಕಾಲದಲ್ಲಿ ಸಂದರ್ಶಿಸಿದ್ದರೆ ಆಕೆಯ ಮಗ "ಅನಾಥ"ನಾಗಬೇಕಾಗಿಯೇ ಇರಲಿಲ್ಲ.

ನೇಪಾಳದಿಂದ ಒಂದು ಪಾಠ

ಪತ್ರದಲ್ಲಿ ನೇಪಾಳದ ಪ್ರಸ್ತಾಪ ಬಂದಿರುವುದರಿಂದ ಅಲ್ಲಿಯದೇ ಒಂದು ನಿಜ ಸಂಗತಿಯನ್ನು ಹೇಳುತ್ತೇನೆ. ಕಾನರ್ ಗ್ರೆನ್ನನ್ ಎಂಬ ಅಮೆರಿಕದ ಯುವಕ 2004ರಲ್ಲಿ ಲೋಕಸಂಚಾರಕ್ಕೆ ಹೊರಟವನು, ಮೊದಲಿಗೆ ಕೆಲವು ಕಾಲ ಸ್ವಯಂಸೇವೆ ಮಾಡೋಣವೆಂದು ಕಾಠ್ಮಂಡು ಸಮೀಪದ ಒಂದು ಅನಾಥಾಲಯಕ್ಕೆ ಹೋದ. ಅಲ್ಲಿದ್ದವರೆಲ್ಲರೂ ತಬ್ಬಲಿಗಳೆಂದೇ ಅವನು ನಂಬಿದ್ದ. ಆದರೆ ಆ ಮಕ್ಕಳ ತಂದೆತಾಯಿಗಳು ಬದುಕಿದ್ದಾರೆಂದು ಕ್ರಮೇಣ ತಿಳಿದುಬಂತು. ನೇಪಾಳದಲ್ಲಿ 1996ರಿಂದ 2006ರವರೆಗೆ ಅಂತರ್ಯುದ್ಧ ನಡೆದಿತ್ತು. ದೂರದ ಹುಮ್ಲಾ ಬೆಟ್ಟಗಳಲ್ಲಿದ್ದ ಬಡ ತಂದೆತಾಯಿಗಳಿಗೆ, ಮಕ್ಕಳನ್ನು ಸುರಕ್ಷಿತವಾಗಿಟ್ಟು ಓದಿಸುತ್ತೇವೆಂದು ದಲ್ಲಾಳಿಗಳು ಭರವಸೆ ಕೊಟ್ಟು, ಅವರಿಂದಲೇ ಹಣ ಪಡೆದು, ಮಕ್ಕಳನ್ನು ಕರೆತಂದಿದ್ದರು. ಗ್ರೆನ್ನನ್ 2006ರಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿ, ಮಕ್ಕಳ ಚಿತ್ರಗಳನ್ನು ಹಿಡಿದು, ಹುಮ್ಲಾದ ಹಳ್ಳಿಹಳ್ಳಿಗೆ ಕಾಲ್ನಡಿಗೆಯಲ್ಲಿ ಹೋಗಿ ಅವರ ಹೆತ್ತವರನ್ನು ಹುಡುಕಿದ. ನೋಡಲು ಹೋದವನು ಹೀಗೆ ಹುಡುಕಲು ಹೊರಟ. ಅವನ ನಿಜವಾದ ಸಂದರ್ಶನ ಆರಂಭವಾದದ್ದು ಅಲ್ಲಿ.

ಇದು ಒಂದು ದೇಶದ ಕಥೆಯಲ್ಲ. ಕಾಂಬೋಡಿಯಾದಲ್ಲಿ 2005ರಲ್ಲಿ 154 ಇದ್ದ ಇಂಥ ಮಕ್ಕಳ ನಿವಾಸಗಳು 2010ರ ವೇಳೆಗೆ 269 ಆದವು. ತಬ್ಬಲಿಗಳ ಸಂಖ್ಯೆ ಹೆಚ್ಚಿತೆಂದಲ್ಲ. ನೋಡಲು ಬರುವವರೂ ಅವರ ಕಾಣಿಕೆಯೂ ಹೆಚ್ಚಿದ್ದು ಅದಕ್ಕೆ ಒಂದು ಮುಖ್ಯ ಕಾರಣ. ಲೋಕದ ಅನಾಥಾಲಯಗಳಲ್ಲಿರುವ ಐವರು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆಂದು ಸೇವ್ ದಿ ಚಿಲ್ಡ್ರನ್ ಸಂಸ್ಥೆ 2009ರಲ್ಲಿ ವರದಿ ಮಾಡಿತು. ಇಂಥ ಸ್ವಯಂಸೇವಾ ಪ್ರವಾಸಗಳು ಮಕ್ಕಳನ್ನು ಕುಟುಂಬದಿಂದ ಅನಾವಶ್ಯಕವಾಗಿ ಅಗಲಿಸಬಹುದೆಂದು ವಿಶ್ವಸಂಸ್ಥೆಯ ಮಹಾಸಭೆಯೂ 2019ರ ಡಿಸೆಂಬರ್‌ನಲ್ಲಿ ತನ್ನ ನಿರ್ಣಯದಲ್ಲಿ ಕಳವಳ ವ್ಯಕ್ತಪಡಿಸಿತು.

ಒಳ್ಳೆಯ ಉದ್ದೇಶ ಸಾಕೇ?

ಒಂದು ಕಾರ್ಯವು ಒಳ್ಳೆಯದಾಗಬೇಕಾದರೆ ಮೂರು ಸಂಗತಿಗಳು ಸರಿಯಿರಬೇಕೆಂದು ಧರ್ಮಸಭೆ ಬೋಧಿಸುತ್ತದೆ: ಮಾಡುವ ಕೆಲಸ, ಮಾಡುವವನ ಉದ್ದೇಶ ಮತ್ತು ಸಂದರ್ಭ. ಉದ್ದೇಶ ಒಂದೇ ಸಾಲದು. ಹಸುಗೂಸಿಗೆ ಪ್ರೀತಿಯಿಂದ ಹೋಳಿಗೆ ತಿನ್ನಿಸಿದರೂ ಹೊಟ್ಟೆ ಕೆಡದೆ ಇರುತ್ತದೆಯೆ?

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹೊಸದಾಗಿ ಗುರುದೀಕ್ಷೆ ಪಡೆದ ದಿನಗಳಲ್ಲಿ ಮಕ್ಕಳ ನಿವಾಸವೊಂದಕ್ಕೆ ಬರುವ ಅತಿಥಿಗಳನ್ನು ಸತ್ಕರಿಸುವ ಹೊಣೆ ನನಗಿತ್ತು. ಅತಿಥಿಗಳು ಬಂದಾಗಲೆಲ್ಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸ್ವಾಗತಗೀತೆ ಹಾಡಿಸುತ್ತಿದ್ದೆ. ಒಬ್ಬ ಪುಟ್ಟ ಹುಡುಗಿ ಬಂದವರೆಲ್ಲರ ಬಳಿಗೂ ಓಡಿಹೋಗಿ ಬೆರಳು ಹಿಡಿದುಕೊಳ್ಳುತ್ತಿದ್ದಳು. "ಎಷ್ಟು ಪ್ರೀತಿಯ ಮಗು!" ಎಂದು ಅತಿಥಿಗಳು ಮೆಚ್ಚಿಕೊಂಡರೆ ನನಗೆ ಹೆಮ್ಮೆ. ಒಂದು ಸಂಜೆ ವಯಸ್ಸಾದ ಧರ್ಮಭಗಿನಿಯೊಬ್ಬರು, "ಫಾದರ್, ಅದು ಪ್ರೀತಿ ಅಲ್ಲ, ಹಸಿವು. ಅವರು ಹೋದ ರಾತ್ರಿ ಈ ಮಗು ಹೇಗಿರುತ್ತೆ ಅಂತ ನೋಡೋಳು ನಾನು" ಎಂದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ತಾಯಿಯ ಸ್ಥಿರವಾದ ಮಮತೆಯಿಂದ ವಂಚಿತವಾದ ಮಗು ಎಷ್ಟು ಸೊರಗುತ್ತದೆಂದು ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ಮನೋವೈದ್ಯರು 1951ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದಿದ್ದರು. ಎರಡು ವಾರ ಅಪ್ಪಿ ಮುದ್ದಾಡಿ ಹೋಗುವ ಪ್ರತಿಯೊಬ್ಬರೂ ಅಂಥ ಮಗುವಿಗೆ ಇನ್ನೊಂದು ಅಗಲಿಕೆಯನ್ನು ಕೊಟ್ಟು ಹೋಗುತ್ತಾರೆ.

ಹಾಗೆಂದು ಮಕ್ಕಳ ನಿವಾಸಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ನಿಜವಾಗಿಯೂ ಯಾರೂ ಇಲ್ಲದ ಮಕ್ಕಳಿದ್ದಾರೆ. ಅವರಿಗಾಗಿ ಹಗಲಿರುಳು ದುಡಿಯುವ ಧರ್ಮಭಗಿನಿಯರಿಗೆ ನಾವು ಋಣಿಗಳು. ಹೊರದೇಶದವರು ಬರಬಾರದೆಂದೂ ಅಲ್ಲ. ಜರ್ಮನಿಯ ಅಗಸ್ಟಸ್ ಮುಲ್ಲರ್ ಸ್ವಾಮಿಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದಿಳಿದರು. 1910ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ಅವರು ಕಂಕನಾಡಿಯಲ್ಲಿ ರೋಗಿಗಳನ್ನು ಸಂದರ್ಶಿಸಿದ್ದು ಒಂದು ಇಡೀ ಜೀವಮಾನ.

ಹಾಗಾದರೆ ಮಾಡುವುದೇನು?

ವಿಮೋಚನಾಕಾಂಡದ ಎರಡನೇ ಅಧ್ಯಾಯವನ್ನು ಮನೆಯಲ್ಲಿ ಓದಿ ನೋಡಿ. ನದಿಗೆ ಸ್ನಾನಕ್ಕೆಂದು ಬಂದ ಫರೋಹನ ಕುಮಾರಿ ಬುಟ್ಟಿಯಲ್ಲಿ ಅಳುತ್ತಿದ್ದ ಪರಕೀಯರ ಮಗುವನ್ನು ಕಾಣುತ್ತಾಳೆ. ಆಕೆ ಶ್ರೀಮಂತಳು, ಕರುಣೆಯುಳ್ಳವಳು. ಅಷ್ಟರಲ್ಲಿ ಮಗುವಿನ ಅಕ್ಕ ಬಂದು, ಹಾಲೂಡಿಸಲು ಒಬ್ಬಳನ್ನು ಕರೆತರಲೇ ಎಂದು ಕೇಳುತ್ತಾಳೆ. ಕರೆತಂದದ್ದು ಯಾರನ್ನು? ಹೆತ್ತ ತಾಯಿಯನ್ನೇ! ರಾಜಕುಮಾರಿ ಆಕೆಗೆ ಸಂಬಳ ಕೊಟ್ಟು ಮಗುವನ್ನು ಸಾಕಲು ಒಪ್ಪಿಸುತ್ತಾಳೆ. ಮೋಶೆ ತಾಯಿಯ ಹಾಲು ಕುಡಿದು, ತಾಯಿಯ ನುಡಿ ಕೇಳಿ ಬೆಳೆದ. ಉಳ್ಳವರು ಇಲ್ಲದವರ ಮಗುವಿಗೆ ಮಾಡಬಹುದಾದ ಉಪಕಾರಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿದೆ?

ನಮ್ಮ ಬಳ್ಳಾರಿಯ ನೆರೆಯ ಅನಂತಪುರದಲ್ಲಿ ಇದರ ಒಂದು ದೊಡ್ಡ ಉದಾಹರಣೆಯಿದೆ. ಸ್ಪೇನಿನ ವಿನ್ಸೆಂಟ್ ಫೆರರ್ 1952ರಲ್ಲಿ ಯೇಸುಸಭೆಯವರಾಗಿ ಭಾರತಕ್ಕೆ ಬಂದವರು. ಆಮೇಲೆ ಸಭೆಯನ್ನು ಬಿಟ್ಟರಾದರೂ ಬಡವರನ್ನು ಬಿಡಲಿಲ್ಲ. 1969ರಿಂದ 2009ರಲ್ಲಿ ತೀರಿಕೊಳ್ಳುವವರೆಗೆ ಅನಂತಪುರದಲ್ಲಿಯೇ ನೆಲೆಸಿದರು. ಅವರ ಸಂಸ್ಥೆಯ ಯೋಜನೆಯಲ್ಲಿ ಸ್ಪೇನಿನ ಕುಟುಂಬವೊಂದು ಇಲ್ಲಿಯ ಮಗುವೊಂದಕ್ಕೆ ನೆರವಾದರೆ, ಆ ಹಣ ಹಳ್ಳಿಯ ಶಾಲೆ, ಆರೋಗ್ಯ, ಮನೆಗಳ ಅಭಿವೃದ್ಧಿಗೆ ಸಲ್ಲುತ್ತದೆ. ಮಗು ತನ್ನ ತಂದೆತಾಯಿಯ ಮನೆಯಲ್ಲಿಯೇ ಬೆಳೆಯುತ್ತದೆ. ನೋಡಲು ಬಂದವರು ಅತಿಥಿಗಳಾಗಿ ಆ ಮನೆಗೇ ಹೋಗುತ್ತಾರೆ.

ಸರ್ಕಾರದಲ್ಲಿಯೂ ದಾರಿಯಿದೆ. ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಂತೆ, ಬಡ ವಿಧವೆಯ ಮಗು ಮನೆಯಲ್ಲಿಯೇ ಬೆಳೆಯಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವುಂಟು. ಇದಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕಬೇಕು. ತಳಕಲ್‌ನ ಆ ಹುಡುಗನಿಗಾಗಿ ಅವನ ಶಾಲೆಯ ಶಿಕ್ಷಕರೂ ನಾನೂ ಸೇರಿ ಅರ್ಜಿ ತುಂಬಿದೆವು. ತಂದೆಯ ಮರಣಪತ್ರ ಪಡೆಯಲು ಎರಡು ತಿಂಗಳು, ಮಂಜೂರಾಗಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಆ ಅವಧಿಯಲ್ಲಿ ನಮ್ಮ ಧರ್ಮಕೇಂದ್ರದ ಎರಡು ಕುಟುಂಬಗಳು ಆ ಮನೆಗೆ ಜೋಳ, ಬೇಳೆ ಒದಗಿಸಿದವು. ತಾಯಿಯ ಗುಳೆ ಪೂರ್ತಿ ನಿಂತಿಲ್ಲ. ಬೇಸಿಗೆ ರಜೆಯಲ್ಲಿ ಮಾತ್ರ, ಮಗನನ್ನೂ ಕರೆದುಕೊಂಡು ಹೋಗಿ ಬರುತ್ತಾಳೆ. ಉಳಿದ ತಿಂಗಳು ಅವನು ತಾಯಿಯ ಪಕ್ಕದಲ್ಲಿ ಮಲಗುತ್ತಾನೆ.

ಇನ್ನು ಪತ್ರ ಬರೆದ ಸಹೋದರರಿಗೆ ನನ್ನ ಉತ್ತರ: ಮಗಳ ಉತ್ಸಾಹವನ್ನು ತಣ್ಣಗಾಗಿಸಬೇಡಿ, ದಾರಿಯನ್ನು ಬದಲಿಸಿ. ಆಕೆಯ ತಂಡದವರು ಆ ಅನಾಥಾಲಯಗಳವರನ್ನು ಮೂರು ಪ್ರಶ್ನೆ ಕೇಳಲಿ: ಈ ಮಕ್ಕಳಲ್ಲಿ ಎಷ್ಟು ಮಂದಿಗೆ ತಂದೆತಾಯಿಗಳಿದ್ದಾರೆ? ಕಳೆದ ವರ್ಷ ಎಷ್ಟು ಮಂದಿ ಮನೆಗೆ ಮರಳಿದರು? ನಾವು ಬಾರದೆ ವಿಮಾನದ ಖರ್ಚನ್ನೇ ಕಳುಹಿಸಿದರೆ ಎಷ್ಟು ಮಕ್ಕಳು ಮನೆಯಲ್ಲಿ ಉಳಿಯಬಹುದು? ಸರಿಯಾದ ಉತ್ತರ ಬಾರದಿದ್ದರೆ ಆ ಯಾತ್ರೆ ಬೇಡ. ರಜೆಯಲ್ಲಿ ಮಗಳನ್ನು ನಮ್ಮೂರಿಗೆ ಕಳುಹಿಸಿ. ಗುಳೆ ಹೋದವರ ಮನೆಗಳಿಗೆ ನನ್ನೊಡನೆ ಬರಲಿ, ಅಜ್ಜಿಯರ ಮಾತು ಕೇಳಲಿ, ಅರ್ಜಿ ತುಂಬಲು ಕೈಜೋಡಿಸಲಿ. ಹಿಂತಿರುಗಿದ ಮೇಲೂ ಒಂದು ಕುಟುಂಬದ ಕೈಬಿಡದೆ ವರ್ಷಗಟ್ಟಲೆ ವಿಚಾರಿಸುತ್ತಿರಲಿ.

ಕಡೆಯ ಭೋಜನದಲ್ಲಿ ಯೇಸುಸ್ವಾಮಿ ತಮ್ಮ ಶಿಷ್ಯರಿಗೆ, ಅವರನ್ನು ಅನಾಥರನ್ನಾಗಿ ಬಿಟ್ಟುಹೋಗುವುದಿಲ್ಲವೆಂದು ಮಾತು ಕೊಟ್ಟರು. ತಾವೂ ಪಿತನೂ ಬಂದು ಅವರೊಡನೆ ವಾಸಿಸುವುದಾಗಿ ಹೇಳಿದರು (ಯೊವಾನ್ನ 14). ಬಂದು ಹೋಗುತ್ತೇನೆಂದು ಅವರು ಹೇಳಲಿಲ್ಲ.

ಮನೆಯಲ್ಲಿ ಕೂಡಿ ಚರ್ಚಿಸಲು

1. ನಮ್ಮ ಬೀದಿಯಲ್ಲಿ, ಧರ್ಮಕೇಂದ್ರದಲ್ಲಿ, ಮಗುವನ್ನು ಬೇರೆಡೆ ಬಿಡಬೇಕಾದ ಕಷ್ಟದಲ್ಲಿರುವ ವಿಧವೆಯರು ಇದ್ದಾರೆಯೆ? ಅವರನ್ನು ಕೊನೆಯದಾಗಿ ವಿಚಾರಿಸಿದ್ದು ಯಾವಾಗ?

2. ಮುಂದಿನ ಹುಟ್ಟುಹಬ್ಬದ ಖರ್ಚನ್ನು ಒಂದು ಮಗು ತನ್ನ ಮನೆಯಲ್ಲಿಯೇ ಓದಲು ಹೇಗೆ ಬಳಸಬಹುದು?

3. ಮಕ್ಕಳ ನಿವಾಸದಲ್ಲಿರುವ ಮಕ್ಕಳ ಗುರುತು ತಿಳಿಯುವಂತೆ ಚಿತ್ರ ಪ್ರಕಟಿಸುವುದು 2015ರ ಬಾಲನ್ಯಾಯ ಕಾಯ್ದೆಗೆ ವಿರುದ್ಧ. ನಮ್ಮ ಮಗುವಿನ ಚಿತ್ರವನ್ನು ಅಪರಿಚಿತರು ಹೀಗೆ ಹಂಚಿದರೆ ನಮಗೆ ಹೇಗನ್ನಿಸೀತು?

ಪ್ರಾರ್ಥನೆ: ಯೇಸುವಿನ ಸಾಕುತಂದೆಯಾದ ಸಂತ ಜೋಸೆಫರೇ, ತಾಯಿಯನ್ನೂ ಮಗುವನ್ನೂ ಒಟ್ಟಿಗೆ ಕಾಪಾಡಿ ಈಜಿಪ್ಟಿಗೆ ಕರೆದೊಯ್ದವರು ನೀವು. ಗುಳೆ ಹೋಗುವ ತಾಯಂದಿರನ್ನೂ ಕಾದು ಕುಳಿತ ಮಕ್ಕಳನ್ನೂ ಅಗಲದಂತೆ ಕಾಯಲು ನಮಗೆ ಕಲಿಸಿರಿ. ಆಮೆನ್.